ಬೋರ್ಡ್ ಮಾಸ್ತರರ ಬಿಸಿನೀರಿನ ತೊಟ್ಟಿ

ಬೋರ್ಡ್ ಮಾಸ್ತರರಿಗೆ ಜಗತ್ತಿನ ಮೇಲೆ ಇದ್ದದ್ದು ಒಂದೇ ದೂರು: ಜನ ಇಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳುತ್ತಾರಲ್ಲ ಎಂಬುದು. ಆ ಟೋಪಿಗಳನ್ನು ಹೊಲಿಯುವವರಲ್ಲಿ ತಾವೂ ಒಬ್ಬರು ಎಂಬುದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಬದಲಿಗೆ ಅದನ್ನೇ ತಮ್ಮ ಅರ್ಹತೆ ಎಂದು ಹೇಳಿಕೊಳ್ಳುತ್ತಿದ್ದರು.

ಮಾಸ್ತರರೆಂದರೆ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಾಲ್ಕು ಮಹಡಿಯ ಗೃಹೋಪಯೋಗಿ ಸಾಮಾನಿನ ಅಂಗಡಿಯಲ್ಲಿ, ಮೆಟ್ಟಿಲ ಕೆಳಗಿನ ಕಿಷ್ಕಿಂಧೆಯಂಥ ಕೋಣೆಯಲ್ಲಿ ಕುಳಿತು, ಇಪ್ಪತ್ತೆರಡು ವರ್ಷಗಳಿಂದ ಬೆಲೆಯ ಬೋರ್ಡು ಬರೆಯುತ್ತಿದ್ದರು. ಕಪ್ಪು ಶಾಯಿಯಲ್ಲಿ ಒಂದು ದೊಡ್ಡ ಬೆಲೆ, ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ, ಅದರ ಕೆಳಗೆ ಇನ್ನೊಂದು ಬೆಲೆ, ಅದರ ಕೆಳಗೆ ‘ಇಂದು ಮಾತ್ರ’. ಆ ಅಡ್ಡಗೆರೆ ಎಳೆಯುವುದರಲ್ಲಿ ಅವರದು ಪಳಗಿದ ಕೈ. ಹೊಡೆದುಹಾಕಿದ ಬೆಲೆ ಓದಲೂ ಬರಬೇಕು, ಪಾಪ ಎನಿಸಲೂ ಬೇಕು. ಸಾಮಾನುಗಳಿಗೆ ನಾಮಕರಣ ಮಾಡುವ ಕೆಲಸವೂ ಅವರದೇ. ಕುಕ್ಕರಿನ ಮುಚ್ಚಳವನ್ನು ‘ಪರಿಮಳ ಸಂರಕ್ಷಣಾ ಕವಚ’ ಎಂದು ಕರೆದು ಉಚಿತ ಕೊಡುಗೆಗಳ ಪಟ್ಟಿಗೆ ಸೇರಿಸಿದ ಮಹಾನುಭಾವರು ಅವರೇ. (ಮುಚ್ಚಳವಿಲ್ಲದ ಕುಕ್ಕರನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಯಾವ ಗಿರಾಕಿಯೂ ಕೇಳಲಿಲ್ಲ.)

ಇಂಥವರ ಕೈಹಿಡಿದಾಕೆಗೆ ಏನನ್ನಾದರೂ ಕೊಂಡು ತಂದ ಸುಖ ಎಲ್ಲಿಂದ ಬರಬೇಕು? ಆಕೆ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಯುವವರೆಗೂ ನಿಂತೇ ಇರುವ ಕೆಲಸ. ಸಂಜೆ ಮನೆಗೆ ಬಂದು ಚಪ್ಪಲಿ ಕಳಚಿದರೆ ಊದಿದ ಪಾದದ ಮೇಲೆ ಪಟ್ಟಿಯ ಅಚ್ಚು ಹಾಗೇ ಕೂತಿರುತ್ತಿತ್ತು. ಹಿಂದಿನ ವರ್ಷ, ಅರ್ಧ ಬೆಲೆಗೆ ಸಿಕ್ಕಿತೆಂದು, ಕಾಲು ಬೆಚ್ಚಗಿಡುವ ಯಂತ್ರವೊಂದನ್ನು ತಂದಿದ್ದಳು. ಮಾಸ್ತರರು ಡಬ್ಬಿ ಬಿಚ್ಚಗೊಡಲಿಲ್ಲ.

“ಅರ್ಧ ಬೆಲೆ ಅಂದ್ರೇನು ಗೊತ್ತೇನೇ? ಮೊದಲು ಎರಡರಷ್ಟು ಮಾಡೋದು, ಆಮೇಲೆ ಅರ್ಧ ಮಾಡೋದು. ಈ ಕೈಯಲ್ಲೇ ಸಾವಿರ ಸಲ ಬರೆದಿದ್ದೀನಿ.”

“ಇರಬಹುದು ರೀ. ಆದ್ರೆ ಕಾಲು ನೋಯ್ತಿರೋದು ನಿಜ ತಾನೇ?”

“ಅದು ಬೇರೆ ವಿಷಯ.”

ಯಂತ್ರ ವಾಪಸು ಹೋಯಿತು. ಕಾಲುನೋವು ಮನೆಯಲ್ಲೇ ಉಳಿಯಿತು. ಇದನ್ನೆಲ್ಲ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಅತ್ತೆಯವರು (ಅಂದರೆ ಹೆಂಡತಿಯ ತಾಯಿ; ವಯಸ್ಸು ಎಪ್ಪತ್ತರ ಮೇಲೆ, ಒಂದು ಕಿವಿ ಮಂದ, ಇನ್ನೊಂದು ಅಗತ್ಯಕ್ಕಿಂತ ಚುರುಕು) “ಅಳಿಯಂದ್ರು ತಿಳಿದೋರು” ಎಂದಷ್ಟೇ ಹೇಳಿದರು. ಅವರು ಆ ಮಾತನ್ನು ಹೇಳುವ ಧಾಟಿ ಮಾಸ್ತರರಿಗೆ ಎಂದೂ ಪೂರ್ತಿ ಹಿಡಿಸಿರಲಿಲ್ಲ.

ಈ ವರ್ಷ ಗೃಹಾಲಂಕಾರ ಮೇಳದ ಜಾಹೀರಾತಿನಲ್ಲಿ ಹಾಟ್ ಟಬ್ ಎಂಬ ಬಿಸಿನೀರಿನ ತೊಟ್ಟಿಯ ಚಿತ್ರ ಬಂದಿತ್ತು. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ಕಣ್ಣುಮುಚ್ಚಿ ಕೂತ ಹೆಂಗಸನ್ನು ಹೆಂಡತಿ ಬಹಳ ಹೊತ್ತು ನೋಡಿದಳು. ಹೆಚ್ಚುವರಿ ಪಾಳಿ ಮಾಡಿ ಕೂಡಿಟ್ಟ ಹಣ ಅವಳ ಹತ್ತಿರವಿತ್ತು. ಹಿತ್ತಲಿನ ತಗಡಿನ ಚಾವಣಿಯ ಕೆಳಗೆ, ಸ್ಕೂಟರ್ ನಿಲ್ಲಿಸುವ ಜಾಗವನ್ನು ಸೀರೆಯ ಅಂಚಿನಿಂದಲೇ ಅಳೆದುಬಂದಳು. ಆಮೇಲೆ ಗಂಡನ ಮುಂದೆ ನಿಂತಳು.

“ನೋಡಿ, ದುಡ್ಡು ನಂದು. ಕಾಲು ನಂದು. ನೀವು ಬರೀ ಜೊತೆಗೆ ಬನ್ನಿ. ಅಲ್ಲಿ ತುಟಿ ಪಿಟಕ್ ಅನ್ನಬಾರದು.”

“ನನಗೇನು ಹುಚ್ಚೇ?” ಎಂದರು ಮಾಸ್ತರರು. ಅದು ಮಾತು ಕೊಟ್ಟ ಹಾಗಾಯಿತೋ ಇಲ್ಲವೋ ಎಂಬುದು ನಂತರ ಮನೆಯಲ್ಲಿ ಚರ್ಚೆಗೆ ಬಂತು.

ಮೇಳದಲ್ಲಿ ಅವರು ನಿಜಕ್ಕೂ ಹತ್ತು ನಿಮಿಷ ಸುಮ್ಮನಿದ್ದರು. ಪರದೆಯ ಮಳಿಗೆ, ನೆಲಹಾಸಿನ ಮಳಿಗೆ, ತಾನೇ ಗುಡಿಸುವ ಪೊರಕೆಯ ಮಳಿಗೆ, ಎಲ್ಲವನ್ನೂ ಬಾಯಿಗೆ ಬೀಗ ಹಾಕಿಕೊಂಡು ದಾಟಿದರು. ತೊಟ್ಟಿಯ ಮಳಿಗೆ ಬಂತು. ಇಬ್ಬರು ಆರಾಮಾಗಿ ಕೂರುವಷ್ಟು ದುಂಡನೆಯ ತೊಟ್ಟಿ, ಒಳಗೆ ನೀರು ಗುಳುಗುಳು ಅನ್ನುತ್ತಿತ್ತು. ಹೆಂಡತಿ ಕೈ ಅದ್ದಿದಳು. ಅವಳ ಮುಖದಲ್ಲಿ ಆಗ ಕಂಡ ನೆಮ್ಮದಿಯನ್ನು ಮಾಸ್ತರರು ಬಹಳ ದಿನಗಳಿಂದ ಕಂಡಿರಲಿಲ್ಲ. ಕಂಡು ಅವರಿಗೂ ಒಂದು ಥರ ಆಯಿತು. ಅಷ್ಟರಲ್ಲಿ ಅವರ ದೃಷ್ಟಿ ಬೋರ್ಡಿನ ಮೇಲೆ ಬಿತ್ತು.

ಒಂದು ಲಕ್ಷ ಇಪ್ಪತ್ತು ಸಾವಿರ, ಅದರ ಮೇಲೆ ಅಡ್ಡಗೆರೆ. ಕೆಳಗೆ ಎಪ್ಪತ್ತೆರಡು ಸಾವಿರ. ಮೇಳದ ಮೂರು ದಿನ ಮಾತ್ರ. ಇಷ್ಟಾಗಿದ್ದರೂ ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಗೆರೆ ವಕ್ರವಾಗಿತ್ತು.

“ಏನಪ್ಪಾ, ಇದರ ನಿಜವಾದ ಬೆಲೆ ಎಷ್ಟು?” ಎಂದು ಟೈ ಕಟ್ಟಿದ ಮಾರಾಟಗಾರನನ್ನು ಕೇಳಿದರು.

“ಎಪ್ಪತ್ತೆರಡು ಸರ್.”

“ಅದು ಬೋರ್ಡಿನ ಬೆಲೆ. ನಾನು ಕೇಳಿದ್ದು ನಿಜವಾದ್ದು.”

“ಎರಡೂ ಒಂದೇ ಸರ್,” ಎಂದ ಮಾರಾಟಗಾರ. ಬೆಳಗಿನಿಂದ ನಿಂತು ಅವನ ಕಾಲೂ ನೋಯುತ್ತಿದ್ದಂತಿತ್ತು.

ಹೆಂಡತಿ ತೋಳು ಚಿವುಟಿದಳು. “ರೀ, ಮಾತಾಡಲ್ಲ ಅಂದಿದ್ರಿ.”

“ಮಾತಾಡ್ತಿಲ್ಲ ಕಣೇ, ವಿಚಾರಿಸ್ತಿದ್ದೀನಿ.”

ವಿಚಾರಣೆ ಅರ್ಧ ಗಂಟೆ ನಡೆಯಿತು. ಮೊದಲು ಮಾಸ್ತರರು ರಿಯಾಯಿತಿ ಎಂಬ ವಿದ್ಯೆಯ ಹುಟ್ಟು, ಬೆಳವಣಿಗೆ ಮತ್ತು ಮರ್ಮಗಳನ್ನು ವಿವರಿಸಿದರು. ಜನ ಸೇರಿದರು. ಜನ ಸೇರಿದ್ದರಿಂದ ವಿವರಣೆ ಇನ್ನಷ್ಟು ಉದ್ದವಾಯಿತು. ಆಮೇಲೆ, ಎಪ್ಪತ್ತೆರಡು ಸಾವಿರಕ್ಕೆ ಏನೇನು ಬರುತ್ತದೆ ಎಂಬ ಪಟ್ಟಿಯನ್ನು ತರಿಸಿ ಕನ್ನಡಕ ಏರಿಸಿದರು.

“ಉಷ್ಣರಕ್ಷಕ ಮೇಲ್ಹೊದಿಕೆ. ಅಂದ್ರೆ ಮುಚ್ಚಳ. ಬೇಡ, ಹೊಡೀರಿ. ಆರೋಹಣ ವೇದಿಕೆ. ಮಣೆ. ನಮ್ಮನೇಲಿದೆ, ಹೊಡೀರಿ. ಜಲಶುದ್ಧಿ ಸಂಪುಟ. ನಮ್ಮ ನೀರು ಶುದ್ಧವಾಗೇ ಬರತ್ತೆ, ಹೊಡೀರಿ. ಇದೇನಿದು, ಥರ್ಮಲ್ ಕಂಫರ್ಟ್ ಮಾಡ್ಯೂಲ್?”

“ಸರ್, ಅದೊಂದು ಇರ್ಲಿ ಸರ್. ಅದು ಬೇಕಾಗತ್ತೆ.”

ಮಾಸ್ತರರು ಸುತ್ತ ನಿಂತವರ ಕಡೆ ತಿರುಗಿ ನಕ್ಕರು. “ನೋಡಿದ್ರಾ? ಹೆಸರು ಎಷ್ಟು ಉದ್ದವೋ ಒಳಗೆ ಅಷ್ಟು ಟೊಳ್ಳು. ಇಂಥ ಹೆಸರು ದಿನಕ್ಕೆ ನಾಲ್ಕು ಇಡ್ತೀನಿ ನಾನು.”

“ಸರ್, ಅದಿಲ್ಲದೆ ಹೋದ್ರೆ…”

“ಹೊಡೀರಿ ಅಂದೆ.”

“ಮೇಡಂ, ನೀವಾದ್ರೂ ಹೇಳಿ,” ಎಂದು ಅವನು ಹೆಂಡತಿಯ ಕಡೆ ತಿರುಗಿದ. ಅವಳು ತೊಟ್ಟಿಯ ಅಂಚಿನ ಮೇಲೆ ಕುಳಿತುಬಿಟ್ಟಿದ್ದಳು. “ಬೆಳಗ್ಗೆಯಿಂದ ಹದಿನಾಲ್ಕು ಜನಕ್ಕೆ ಇಂಜೆಕ್ಷನ್ ಕೊಟ್ಟು ಬಂದಿದ್ದೀನಪ್ಪ, ಇವರಿಗೆ ಹೇಳೋ ತ್ರಾಣ ನನಗಿಲ್ಲ,” ಎಂದಳು.

ಮಾರಾಟಗಾರ ಪೆನ್ನು ಮುಂದೆ ಚಾಚಿದ. ತಾನಾಗಿ ಹೊಡೆಯಲು ಅವನಿಗೆ ಮನಸ್ಸು ಬರಲಿಲ್ಲ. ಮಾಸ್ತರರೇ ಹೊಡೆದರು. ಆ ಗೆರೆ ನೆಟ್ಟಗಿತ್ತು. ಬೆಲೆ ನಲವತ್ತೊಂದು ಸಾವಿರಕ್ಕೆ ಇಳಿಯಿತು. ತೆಗೆಸಿದ ಭಾಗಗಳ ಬಗ್ಗೆ ಮುಂದೆ ತಕರಾರಿಲ್ಲ ಎಂಬಲ್ಲಿ ರುಜು ಹಾಕಿ, ಮಾಸ್ತರರು ಎದೆಯುಬ್ಬಿಸಿಕೊಂಡು ಹೊರಬಂದರು. ಮನೆ ಸೇರುವವರೆಗೂ ಸ್ಕೂಟರಿನಲ್ಲಿ ಅವರೇ ಮಾತಾಡಿದರು.

ನಾಲ್ಕನೆಯ ದಿನ ತೊಟ್ಟಿ ಬಂತು. ಸ್ಕೂಟರು ಬೀದಿಗೆ ಬಂತು. ಮಾಸ್ತರರು ರಜೆ ಹಾಕಿ, ಪೈಪಿನಲ್ಲಿ ಎರಡು ಗಂಟೆ ನೀರು ತುಂಬಿಸಿದರು. ಪಕ್ಕದಲ್ಲಿ ಮಣೆ, ಮಣೆಯ ಮೇಲೆ ಒಗೆದ ಟವೆಲ್. ಇದೆಲ್ಲ ಅವರು ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಸಂಜೆ ಹೆಂಡತಿ ಬಂದು, ಬಟ್ಟೆಯನ್ನೂ ಬದಲಿಸದೆ, ಬಲಗಾಲನ್ನು ನೀರಿಗೆ ಇಳಿಬಿಟ್ಟಳು.

“ರೀ.”

“ಹೇಗಿದೆ?”

“ತಣ್ಣಗಿದೆ.”

“ಶುರುವಿನಲ್ಲಿ ಹಾಗೇ ಇರತ್ತೆ,” ಎಂದು ಮಾಸ್ತರರು ಸ್ವಿಚ್ಚು ಹುಡುಕಿದರು. ತೊಟ್ಟಿಯನ್ನು ಮೂರು ಸುತ್ತು ಸುತ್ತಿದರು. ತೊಟ್ಟಿ ಎಲ್ಲ ಕಡೆಯಿಂದಲೂ ಒಂದೇ ಥರ ಇತ್ತು.

“ಅಡೀಲಿ ಬೆಂಕಿ ಹಾಕಬೇಕೇನೋ ನೋಡಿ, ಅಳಿಯಂದ್ರೇ,” ಎಂದರು ಅತ್ತೆ, ಕುರ್ಚಿಯಿಂದ.

ಮಾಸ್ತರರು ಮಾರಾಟಗಾರನಿಗೆ ಫೋನು ಮಾಡಿದರು. ಅವನು ಸೌಜನ್ಯದ ಮನುಷ್ಯ. “ಮಾಡ್ಯೂಲ್ ಅಂದ್ರೆ ಹೀಟರ್ ಸರ್,” ಎಂದ.

“ಹಾಗಂತ ಬರೀಬೇಕಿತ್ತು ತಾನೇ ಮಾರಾಯ!”

“ಮೊದಲು ಹಾಗೇ ಬರೀತಿದ್ವಿ ಸರ್. ಆ ನಾಲ್ಕು ಮಹಡಿ ಅಂಗಡಿ ಇದೆಯಲ್ಲ ಸರ್, ಅಲ್ಲಿ ಕುಕ್ಕರ್ ಮುಚ್ಚಳಕ್ಕೆ ಒಂದು ಹೆಸರು ಕೊಟ್ಟಿದ್ದಾರೆ. ಅದನ್ನ ನೋಡಿ ನಮ್ಮ ಮ್ಯಾನೇಜರ್ ಇದನ್ನ ಬದಲಾಯಿಸಿದ್ರು.”

ಹೀಟರನ್ನು ಬಿಡಿಯಾಗಿ ಕೊಂಡರೆ ಐವತ್ತು ಸಾವಿರ. ಮೇಳ ಮುಗಿದಿತ್ತು, ಮೇಳದ ಬೆಲೆಯೂ ಮುಗಿದು ಇಡೀ ತೊಟ್ಟಿ ಮತ್ತೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಏರಿತ್ತು. ಅಂದರೆ ಬೋರ್ಡಿನಲ್ಲಿದ್ದ ರಿಯಾಯಿತಿ ಅಪ್ಪಟ ನಿಜವಾಗಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಮಾಸ್ತರರು ಕಂಡ ಮೊದಲ ಪ್ರಾಮಾಣಿಕ ಬೋರ್ಡು ಅದು. ಗೆರೆ ವಕ್ರವಾಗಿದ್ದದ್ದು ಅಭ್ಯಾಸವಿಲ್ಲದ ಕೈಯಾದ್ದರಿಂದ ಇರಬೇಕು.

ಹೆಂಡತಿ ಕಾಲು ಒರೆಸಿಕೊಂಡು ಒಳಗೆ ಹೋದಳು. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಒಂದು ವರ್ಷ ಹೆಚ್ಚುವರಿ ಪಾಳಿ ಮಾಡಿದ್ದು ಅವಳು, ಅದನ್ನು ನೀರಿಗೆ ಹಾಕಿದ್ದು ತಾವು, ಅದೂ ತಣ್ಣೀರಿಗೆ. ಮಾಸ್ತರರಿಗೆ ನಿಜವಾಗಿಯೂ ನಾಚಿಕೆಯಾಯಿತು. ಅಡುಗೆಮನೆಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟರು.

ಅಂದಿನಿಂದ ಅವರ ಸಂಜೆಗಳು ಹೊಸ ರೂಪ ತಾಳಿದವು. ಅರ್ಧ ತೊಟ್ಟಿಗಾದರೂ ಇಪ್ಪತ್ತೆಂಟು ಪಾತ್ರೆ ಬೇಕು. ಹತ್ತನೆಯದನ್ನು ಸುರಿಯುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ, ಏಕೆಂದರೆ ಉಷ್ಣರಕ್ಷಕ ಮೇಲ್ಹೊದಿಕೆಯನ್ನೂ ಅವರೇ ಹೊಡೆದುಹಾಕಿದ್ದರು. ಒಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಒಲೆಗೆ ಓಡಾಡಿ ಮಾಸ್ತರರ ಸೊಂಟ ಹಿಡಿದುಕೊಂಡಿತು. ಸ್ವಲ್ಪ ತಡವಾದರೆ ಅತ್ತೆಯವರ ಧ್ವನಿ ಕೇಳುತ್ತಿತ್ತು: “ಮಾಡ್ಯೂಲು ಎಲ್ಲಿ ಹೋಯ್ತು, ನೋಡೇ ಮಗಾ!”

ಹನ್ನೊಂದನೆಯ ದಿನ ಹೆಂಡತಿಯೇ ಕನಿಕರಪಟ್ಟಳು. “ಸಾಕು ಬಿಡಿ. ಹಿತ್ತಲ ನಲ್ಲಿಗೆ ಒಂದು ಗೀಸರ್ ಹಾಕಿಸೋಣ. ನಿಮ್ಮ ಅಂಗಡೀಲೇ ಇದೆಯಲ್ಲ.”

ಮಾಸ್ತರರ ಮುಖ ಸಪ್ಪಗಾಯಿತು. ಗೀಸರಿನ ಬೋರ್ಡನ್ನು ಅವರು ಬರೆದು ಇನ್ನೂ ಮೂರು ದಿನವಾಗಿರಲಿಲ್ಲ. ಒಂಬತ್ತು ಸಾವಿರದ ಗೀಸರನ್ನು ಮಾಲೀಕರ ಆಜ್ಞೆಯಂತೆ ಹದಿನಾಲ್ಕಕ್ಕೆ ಏರಿಸಿ, ಗೆರೆ ಹೊಡೆದು, ಹನ್ನೊಂದಕ್ಕೆ ಇಳಿಸಿದ್ದರು. “ಸ್ವಲ್ಪ ದಿನ ತಡೀಬಹುದಲ್ಲ…” ಎಂದರು. ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಅಂಗಡಿಯಲ್ಲಿ ಮಾಲೀಕರು ಖುದ್ದಾಗಿ ಎದ್ದುಬಂದರು. “ಓಹೋ, ಮಾಸ್ತರ ಮನೆಯವರು! ಬನ್ನಿ ಬನ್ನಿ.” ನೌಕರರಿಗೆ ಏನಾದರೂ ಕಡಿಮೆ ಇದೆಯೇ ಎಂದು ಮಾಸ್ತರರು ಪಿಸುಗುಟ್ಟಿದರು. “ರಿಯಾಯಿತಿ ಮಾಲಿಗೆ ನೌಕರರ ದರ ಅನ್ವಯಿಸುವುದಿಲ್ಲ ಅಂತ ನೀವೇ ಬರೆದು ಗೋಡೆಗೆ ಅಂಟಿಸಿದ್ದೀರಲ್ಲ ಮಾಸ್ತರೇ,” ಎಂದು ಮಾಲೀಕರು ಗೋಡೆ ತೋರಿಸಿದರು. ಅಕ್ಷರ ಮುದ್ದಾಗಿತ್ತು.

ಹೆಂಡತಿ ಗೀಸರಿನ ಮುಂದೆ ನಿಂತು ಬೋರ್ಡನ್ನು ನಿಧಾನವಾಗಿ, ಎರಡು ಸಲ ಓದಿದಳು. ನಂತರ ಗಂಡನ ಕಡೆ ತಿರುಗಿದಳು.

“ಏನ್ರೀ, ಈ ರಿಯಾಯಿತಿ ನಿಜವಾ?”

ಪಕ್ಕದಲ್ಲಿ ಮಾಲೀಕರು ಕೈಕಟ್ಟಿ ನಿಂತಿದ್ದರು. ಸುಳ್ಳು ಎಂದರೆ ಕೆಲಸ ಉಳಿಯುವುದಿಲ್ಲ. ನಿಜ ಎಂದರೆ ಇಪ್ಪತ್ತೆರಡು ವರ್ಷ ಮನೆಯಲ್ಲಿ ಮಾಡಿದ ಪಾಠ ಉಳಿಯುವುದಿಲ್ಲ. ಮಾಸ್ತರರು ಮಾಲೀಕರನ್ನು ನೋಡಿದರು, ಹೆಂಡತಿಯನ್ನು ನೋಡಿದರು, ತಾವೇ ಎಳೆದ ಕೆಂಪು ಗೆರೆಯನ್ನು ನೋಡಿದರು. ಕೊನೆಗೆ ಹೆಂಡತಿಯ ಪಾದದ ಮೇಲಿನ ಪಟ್ಟಿಯ ಅಚ್ಚು ಕಣ್ಣಿಗೆ ಬಿತ್ತು.

“ನಿಜ,” ಎಂದರು.

“ಸ್ವಲ್ಪ ಜೋರಾಗಿ ಹೇಳಿ. ಅಮ್ಮಂಗೆ ಕೇಳಿಸ್ಲಿಲ್ಲ.”

“ನಿಜವಾದ ರಿಯಾಯಿತಿ! ಇಂಥಾದ್ದು ಮತ್ತೆ ಸಿಗಲ್ಲ!” ಎಂದು ಮಾಸ್ತರರು ಕೂಗಿದರು. ಆಗಿನಿಂದ ಪಕ್ಕದಲ್ಲಿ ಮೀನಮೇಷ ಎಣಿಸುತ್ತಿದ್ದ ಇನ್ಯಾರೋ ಗಂಡ ಹೆಂಡತಿ ಇದನ್ನು ಕೇಳಿ ತಾವೂ ಒಂದು ಗೀಸರು ಕಟ್ಟಿಸಿಕೊಂಡರು. ಮಾಲೀಕರು ಮಾಸ್ತರರ ಬೆನ್ನು ತಟ್ಟಿ, ನಾಳೆಯಿಂದ ದಿನಕ್ಕೆ ಒಂದು ಗಂಟೆ ಹೊರಗೇ ನಿಂತು ಹೀಗೇ ಹೇಳಬೇಕೆಂದು ಅಪ್ಪಣೆ ಮಾಡಿದರು.

ಹೆಂಡತಿ ಹನ್ನೊಂದು ಸಾವಿರವನ್ನು ಎಣಿಸಿ ಕೊಟ್ಟಳು. “ಹೋದ ವಾರ ಒಂಬತ್ತಿತ್ತು ಇದು. ನೋಡ್ಕೊಂಡು ಹೋಗಿದ್ದೆ,” ಎಂದು ಗಂಡನಿಗೆ ಮಾತ್ರ ಕೇಳುವಂತೆ ಹೇಳಿದಳು. ಮಾಸ್ತರರು ಇಂಗು ತಿಂದ ಮಂಗನ ಹಾಗೆ ನಿಂತರು.

“ಮತ್ತೆ ಯಾಕೆ ಕೇಳ್ದೆ?”

“ನಿಮ್ಮ ಬಾಯಲ್ಲಿ ಕೇಳಬೇಕಿತ್ತು. ಎರಡು ಸಾವಿರ ಜಾಸ್ತಿ ಏನಲ್ಲ.” ಆಮೇಲೆ ಮಾಲೀಕರ ಕಡೆ ತಿರುಗಿ, “ಸರ್, ಈ ಬೋರ್ಡೂ ಕೊಡ್ತೀರಾ?” ಎಂದಳು. ಮಾಲೀಕರು ಸಂತೋಷದಿಂದ ಉಚಿತವಾಗಿಯೇ ಕೊಟ್ಟರು.

ಬೋರ್ಡು ಈಗ ಹಿತ್ತಲಲ್ಲಿ, ತೊಟ್ಟಿಯ ಮೇಲಿನ ಗೋಡೆಯ ಮೊಳೆಯಲ್ಲಿದೆ. ಸಂಜೆ ಹೆಂಡತಿ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕಣ್ಣುಮುಚ್ಚಿ ಕೂರುತ್ತಾಳೆ. ಅತ್ತೆಯವರು ಅಂಚಿನಲ್ಲಿ ಕುಳಿತು ಕಾಲು ಇಳಿಬಿಡುತ್ತಾರೆ. ಇಬ್ಬರೂ ಹೊರಬಂದ ಮೇಲೆ, ನೀರು ಬಿಸಿಯಿದ್ದರೆ, ಮಾಸ್ತರರು ತಮ್ಮ ಸೊಂಟ ಅದ್ದಿಕೊಳ್ಳಬಹುದೇ ಎಂದು ಕೇಳುತ್ತಾರೆ. ಹೆಂಡತಿ ಗೋಡೆಯ ಕಡೆ ಕೈ ತೋರಿಸುತ್ತಾಳೆ. ಅಲ್ಲಿ ಅವರದೇ ಮುದ್ದಾದ ಅಕ್ಷರಗಳಲ್ಲಿ ‘ಇಂದು ಮಾತ್ರ’ ಎಂದಿದೆ. ಹೀಗೆ ಮೂರು ತಿಂಗಳಿಂದ ಅವರು ದಿನವೂ ಇಳಿಯುತ್ತಿದ್ದಾರೆ.