ನೆಬ್ರಾಸ್ಕಾದ ನೆಲವನ್ನು ಹದಿನಾಲ್ಕು ಅಂಗುಲ ಎತ್ತರಿಸಿಕೊಡುವ ಬಗ್ಗೆ

ಗೆ,
ಮುಖ್ಯ ವಿನ್ಯಾಸ ಅಧಿಕಾರಿಗಳು, ಪಿಕಪ್ ವಿಭಾಗ,
ಗ್ರ್ಯಾಂಡ್ ಪ್ಲೇನ್ಸ್ ಮೋಟಾರ್ ಕಂಪನಿ, ಇವರ ಘನ ಸನ್ನಿಧಿಗೆ

ಮಾನ್ಯರೇ,

ನೆಬ್ರಾಸ್ಕಾದ ಮರಳುದಿಬ್ಬಗಳ ನಡುವೆ ನೂರ ಅರವತ್ತು ಜನರೂ ಅದರ ಮೂರು ಪಟ್ಟು ಕುದುರೆಗಳೂ ಇರುವ ಹ್ಯಾರೋ ಕ್ರೀಕ್ ಎಂಬ ಊರಿನಿಂದ, ಮೂವತ್ತೆಂಟು ವರ್ಷಗಳಿಂದ ಕುದುರೆಗಳಿಗೆ ಲಾಳ ಕಟ್ಟಿಕೊಂಡು ಬದುಕುತ್ತಿರುವ ಲಡೋನಾ ವೊಂದ್ರಾ ಎಂಬ ಅರವತ್ತನಾಲ್ಕರ ಹೆಂಗಸು ಮಾಡುವ ಅನಂತ ವಂದನೆಗಳು. ಇಲ್ಲಿ ಕುದುರೆಗಳು, ಗಾಳಿ, ಮಿಡತೆ ಎಲ್ಲವೂ ಕ್ಷೇಮ. ನನ್ನ ಅಣ್ಣ ಎಲ್ಡನ್ ಮಾತ್ರ ಕಳೆದ ಮಾರ್ಚ್‌ನಲ್ಲಿ ತೀರಿಕೊಂಡ. ಅವನೂ ಈಗ ಕ್ಷೇಮವಾಗಿಯೇ ಇರಬೇಕು. ಆದರೆ ಅಲ್ಲಿಗೆ ಹೊರಟಾಗ ತಮ್ಮ ಕಂಪನಿಯ ವಾಹನದಲ್ಲಿ ಅವನು ಮಾಡಿದ ಎರಡು ಮೈಲಿ ಪ್ರಯಾಣದ ವಿಚಾರವಾಗಿ ತಮಗೆ ಒಂದೆರಡು ಮಾತು ಅರಿಕೆ ಮಾಡಿಕೊಳ್ಳದಿದ್ದರೆ ನನಗೆ ಅನ್ನ ಅರಗುವುದಿಲ್ಲ.

ಅದಕ್ಕೆ ಮೊದಲು ತಮ್ಮ ಹಿರಿಯರಿಗೆ ಸಲ್ಲಬೇಕಾದ ಕೃತಜ್ಞತೆ ಸಲ್ಲಿಸಿಬಿಡುತ್ತೇನೆ. ೧೯೯೩ರಲ್ಲಿ ತಮ್ಮ ಕಂಪನಿ ‘ಫಿಂಚ್’ ಎಂಬ ಪುಟ್ಟ ಹಕ್ಕಿಯ ಹೆಸರಿನ ಪಿಕಪ್ ಒಂದನ್ನು ಮಾರುತ್ತಿತ್ತು, ಅದನ್ನು ನಾನು ಕೊಂಡೆ. ಕಿಟಕಿಯ ಗಾಜನ್ನು ಕೈಯಿಂದ ತಿರುಗಿಸಿ ಇಳಿಸಬೇಕು, ರೇಡಿಯೋದಲ್ಲಿ ದನದ ಮಾರುಕಟ್ಟೆಯ ದರ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಆದರೆ ಹಿಂಬದಿಯ ತೊಟ್ಟಿ ಏಳೂಕಾಲು ಅಡಿ ಉದ್ದ, ಹಿಂಬಾಗಿಲನ್ನು ಕೆಳಗೆ ಬಿಟ್ಟರೆ ನೆಲದಿಂದ ಇಪ್ಪತ್ತೈದು ಅಂಗುಲ. ಲಾಳ ಬಡಿಯುವ ನನ್ನ ಕಬ್ಬಿಣದ ಅಡಿಗಲ್ಲನ್ನು ಆ ಹಿಂಬಾಗಿಲ ಮೇಲೆ ಎಳೆದುಕೊಂಡರೆ ಸರಿಯಾಗಿ ನನ್ನ ಸುತ್ತಿಗೆಯ ಕೈಗೆ ಬರುತ್ತಿತ್ತು, ಅದೇ ನನ್ನ ಮೇಜು, ಅದೇ ನನ್ನ ಅಂಗಡಿ, ಮಧ್ಯಾಹ್ನ ಅದೇ ನನ್ನ ಊಟದ ಮನೆ. ಕೀಲಿ ಸದಾ ಗಾಡಿಯಲ್ಲೇ ಇರುತ್ತಿತ್ತು. ಯಾರಿಗೆ ಹಳೇ ಸೋಫಾ ಸಾಗಿಸಬೇಕಿದ್ದರೂ ಬಂದು ಗಾಡಿ ಒಯ್ಯುವರು, ಸಂಜೆ ಪೆಟ್ರೋಲ್ ತುಂಬಿಸಿ, ಸೀಟಿನ ಮೇಲೊಂದು ಚೆರ್ರಿ ಪೈ ಇಟ್ಟು ತಂದುಬಿಡುವರು. ಯಾರು ಒಯ್ದಿದ್ದರು ಎಂದು ಪೈ ತಿಂದು ಹೇಳುವಷ್ಟು ನನಗೆ ಅಭ್ಯಾಸವಾಗಿತ್ತು.

ಇಂಥ ಗಾಡಿ ತಯಾರಿಸುವುದನ್ನು ತಾವು ನಿಲ್ಲಿಸಿದ್ದು ನಮ್ಮ ಮೇಲಿನ ಕರುಣೆಯಿಂದಲೇ ಎಂಬುದು ನನಗೆ ಕಳೆದ ಶರತ್ಕಾಲದವರೆಗೆ ತಿಳಿದಿರಲಿಲ್ಲ. ಫಿಂಚ್‌ನ ಅಡಿಯ ಉಕ್ಕಿನ ಚೌಕಟ್ಟಿಗೆ, ಅಂದರೆ ಚಾಸಿಗೆ, ತುಕ್ಕು ಹಿಡಿದು ಅಲ್ಲಲ್ಲಿ ಹಪ್ಪಳದಂತೆ ಮುರಿಯತೊಡಗಿದಾಗ, ನೂರಿಪ್ಪತ್ತು ಮೈಲಿ ದೂರದ ತಮ್ಮ ಮಾರಾಟ ಮಳಿಗೆಗೆ ಹೋದೆ. ಅಲ್ಲಿ ಪ್ರೆಸ್ಟನ್ ಎಂಬ ಸುಸಂಸ್ಕೃತ ಯುವಕರು ನನಗೆ ತಮ್ಮ ‘ಕೊಲೋಸಸ್’, ಎಂದರೆ ದೈತ್ಯ, ಎಂಬ ಗಾಡಿಯ ದರ್ಶನ ಮಾಡಿಸಿದರು. ಅದರ ಮೂತಿ ನನ್ನ ಗಲ್ಲದವರೆಗೆ ಬರುತ್ತಿತ್ತು. ಸೀಟು ಚಳಿಗಾಲದಲ್ಲಿ ಬಿಸಿಯಾಗುತ್ತದೆ, ಬೇಸಿಗೆಯಲ್ಲಿ ತಣ್ಣಗಾಗುತ್ತದೆ, ಬೇಡವೆಂದರೂ ಬೆನ್ನು ತಿಕ್ಕುತ್ತದೆ. ಮುಂದೆ ನಿಂತವರು ಡ್ರೈವರಿಗೆ ಕಾಣಿಸುವುದಿಲ್ಲವಾದ್ದರಿಂದ ಮುಂದೊಂದು ಕ್ಯಾಮೆರಾ ಇದೆ. ಗಾಡಿ ಹತ್ತಲು ಆಗುವುದಿಲ್ಲವಾದ್ದರಿಂದ ಪಕ್ಕದಲ್ಲಿ ತಾನಾಗಿ ಚಾಚಿಕೊಳ್ಳುವ ಮೆಟ್ಟಿಲಿದೆ. ಮೊದಲು ಕಷ್ಟವನ್ನು ಉಂಟುಮಾಡಿ ಆಮೇಲೆ ಅದಕ್ಕೆ ಪರಿಹಾರವನ್ನೂ ಸೇರಿಸಿ ಮಾರುವ ಈ ದೂರದೃಷ್ಟಿಗೆ ನಾನು ತಲೆಬಾಗಿದೆ. ಹಿಂಬಾಗಿಲನ್ನು ಅಳೆದೆ, ಮೂವತ್ತೊಂಬತ್ತು ಅಂಗುಲ. ತೊಟ್ಟಿಯನ್ನು ಅಳೆದೆ, ಐದೂವರೆ ಅಡಿ. “ಏನಪ್ಪಾ, ಗಾಡಿ ಇಷ್ಟು ದೊಡ್ಡದಾಯ್ತು, ಸಾಮಾನಿಡೋ ಜಾಗ ಯಾಕೆ ಚಿಕ್ಕದಾಯ್ತು?” ಎಂದು ಕೇಳಿದ್ದಕ್ಕೆ ಅವರು ಬಹಳ ಮರ್ಯಾದೆಯಿಂದ, “ಮೇಡಂ, ಈಗ ಜನ ಸಾಮಾನು ಹಾಕೋದಕ್ಕೆ ಪಿಕಪ್ ತಗೊಳಲ್ಲ” ಎಂದರು. ಅರವತ್ತೆರಡು ಸಾವಿರ ಡಾಲರ್ ಎಂದು ಅವರು ಹೇಳಿದಾಗ ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ನೆನಪಾಯಿತಾದರೂ ಹೊರಗೆ ಆಡಲಿಲ್ಲ.

ಇದು ತಮ್ಮ ತಪ್ಪಲ್ಲವೆಂದೂ ಪ್ರೆಸ್ಟನ್ ವಿವರಿಸಿದರು. ಗಾಡಿಯ ಅಗಲ ಉದ್ದ ಹೆಚ್ಚಿದಷ್ಟೂ ಅದು ಹೆಚ್ಚು ಪೆಟ್ರೋಲ್ ಕುಡಿಯಬಹುದು ಎಂದು ಸರ್ಕಾರದ ನಿಯಮವೇ ಹೇಳುತ್ತದಂತೆ. ಎಂದರೆ ಹೊಟ್ಟೆ ದೊಡ್ಡದಾದವನಿಗೆ ವೈದ್ಯರು ಪಥ್ಯ ಸಡಿಲಿಸಿದ ಹಾಗೆ. ಅಂಥ ವೈದ್ಯರು ಸಿಕ್ಕಿದರೆ ಪಥ್ಯ ಮಾಡುವ ಬದಲು ಹೊಟ್ಟೆ ಬೆಳೆಸುವುದೇ ಜಾಣತನ, ತಾವು ಅದನ್ನೇ ಮಾಡಿದ್ದೀರಿ. ನಾನು ಬರಿಗೈಯಲ್ಲಿ ವಾಪಸು ಬಂದೆ.

ನನ್ನ ಅಣ್ಣನ ಮಗ ಕೊಲ್ಬಿ ಮಾತ್ರ ತಮ್ಮ ಕೊಲೋಸಸ್ಸನ್ನು ಕೊಂಡ. ಅವನು ಒಳ್ಳೆಯವನು, ದೂರದ ಪಟ್ಟಣದಲ್ಲಿ ವಿಮಾ ಕಚೇರಿಯ ಕೆಲಸ, ಸಾಗಿಸುವುದು ಹೆಚ್ಚಾಗಿ ಒಂದು ಕಾಫಿ ಲೋಟ. ನಮ್ಮ ಕಡೆ ರಸ್ತೆಯಲ್ಲಿ ಎದುರಾದವರಿಗೆಲ್ಲ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತುವುದು ಪದ್ಧತಿ. ಅದು ನಮಸ್ಕಾರವೂ ಹೌದು, ಬದುಕಿದ್ದೇವೆ ಎಂಬ ವರ್ತಮಾನವೂ ಹೌದು. ಕೊಲ್ಬಿ ಪಾಪ ಪ್ರತಿಯೊಬ್ಬರಿಗೂ ಬೆರಳೆತ್ತುತ್ತಲೇ ಇದ್ದ, ಅಷ್ಟು ಎತ್ತರದ ಕಪ್ಪು ಗಾಜಿನ ಹಿಂದಿನ ಬೆರಳು ಯಾರಿಗೂ ಕಾಣಲಿಲ್ಲ. “ಏನೇ ಲಡೋನಾ, ನಿನ್ನ ಅಳಿಯಂಗೆ ಕೊಬ್ಬು ಬಂದಿದ್ಯಾ?” ಎಂದು ಮೂರು ಮನೆಯವರು ನನ್ನನ್ನೇ ಕೇಳಿದರು.

ಈಗ ಅಣ್ಣನ ವಿಚಾರ. ಎಲ್ಡನ್ ಮೂವತ್ತು ವರ್ಷ ನನ್ನ ಫಿಂಚ್‌ನ ಅಡಿಯಲ್ಲಿ ಮಲಗಿ ಅದನ್ನು ರಿಪೇರಿ ಮಾಡಿದವನು, ಅದರ ಮೇಲೆ ನನಗಿಂತ ಅವನಿಗೇ ಹಕ್ಕು ಹೆಚ್ಚು. ನಮ್ಮಲ್ಲಿ ಸತ್ತವರನ್ನು ಅವರಿಗೆ ಪ್ರಿಯವಾದ ಪಿಕಪ್ಪಿನಲ್ಲೇ ಗುಡ್ಡದ ಮೇಲಿನ ಸಮಾಧಿಗೆ ಒಯ್ಯುವುದುಂಟು. ಅವನು ಆಸ್ಪತ್ರೆಯ ಹಾಸಿಗೆಯಲ್ಲೂ, “ನೋಡೇ, ನನ್ನ ಫಿಂಚಲ್ಲೇ ಹಾಕ್ಕೊಂಡು ಹೋಗ್ಬೇಕು. ಆ ಹೆಣ ಒಯ್ಯೋ ಉದ್ದನೇ ಕರೀ ಕಾರಲ್ಲಿ ಹಾಕಿದ್ರೋ, ಎದ್ದು ನಡ್ಕೊಂಡೇ ಹೋಗ್ತೀನಿ” ಎಂದಿದ್ದ. ಆಯಿತೆಂದು ಮಾತು ಕೊಟ್ಟೆ. ಅವನು ತೀರಿಕೊಂಡ ಮಾರನೆಯ ದಿನವೇ ಫಿಂಚ್‌ನ ಚಾಸಿ ನಡುವೆ ಬಿರುಕುಬಿಟ್ಟಿತು. ರಿಪೇರಿ ಮಾಡುವವನು ಶವಪೆಟ್ಟಿಗೆಯಲ್ಲಿದ್ದ. ಕೊಲ್ಬಿ, “ಅತ್ತೆ, ನನ್ನ ಗಾಡಿ ಇದ್ಯಲ್ಲಾ, ಅಳ್ಬೇಡ” ಎಂದ.

ಹೊರುವವರು ಆರು ಜನ, ಎಲ್ಲರೂ ಎಲ್ಡನ್‌ನ ಗೆಳೆಯರು, ಸರಾಸರಿ ವಯಸ್ಸು ಎಪ್ಪತ್ತಮೂರು. ಅವರು ಪೆಟ್ಟಿಗೆಯನ್ನು ಸೊಂಟದವರೆಗೆ ಎತ್ತಿದರು, ಫಿಂಚ್ ಆಗಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಕೊಲೋಸಸ್ಸಿನ ಹಿಂಬಾಗಿಲು ಇನ್ನೂ ಮೇಲಿತ್ತು. ಎರಡನೆಯ ಸಲ ಎತ್ತಿದರು, ಮೂರನೆಯ ಸಲಕ್ಕೆ ಒಬ್ಬರ ಬೆನ್ನು ಹಿಡಿಯಿತು. ಎಲ್ಡನ್‌ನ ಹತ್ತಿರದ ಗೆಳೆಯ ಡ್ವೇನ್ ಹ್ರುಸ್ಕಾ ಏದುಸಿರು ಬಿಡುತ್ತಾ, “ತಡೀರೋ, ಇವ್ನು ಬದುಕಿದ್ದಿದ್ರೆ ಇವ್ನೇ ಬಂದು ಒಂದು ಕೈ ಕೊಟ್ಟಿರೋನು” ಎಂದ. ಕೊನೆಗೆ ದನಗಳನ್ನು ಲಾರಿಗೆ ಹತ್ತಿಸುವ ಇಳಿಜಾರು ಹಲಗೆಯನ್ನು ತಂದು, ನನ್ನ ಅಣ್ಣನನ್ನು ಅದರ ಮೇಲೆ ತಳ್ಳಿಕೊಂಡು ಹತ್ತಿಸಿದರು.

ಪೆಟ್ಟಿಗೆ ಏಳು ಅಡಿ, ತಮ್ಮ ತೊಟ್ಟಿ ಐದೂವರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆ ಸ್ಥಿತಿಯಲ್ಲಿರುವ ಮನುಷ್ಯ ಕಾಲು ಮಡಚಿಕೊಳ್ಳುವುದು ಹೇಗೆಂದು ತಾವೇ ಹೇಳಬೇಕು. ಹಿಂಬಾಗಿಲನ್ನು ತೆರೆದಿಟ್ಟು, ಹಗ್ಗ ಬಿಗಿದು ಹೊರಟೆವು. ಹಿಂಬಾಗಿಲು ತೆರೆದಿದ್ದನ್ನು ತಮ್ಮ ಗಾಡಿ ಸಹಿಸಲಿಲ್ಲ. “ಹಿಂಬಾಗಿಲು ತೆರೆದಿದೆ, ದಯವಿಟ್ಟು ಪರಿಶೀಲಿಸಿ” ಎಂದು ಎರಡು ಮೈಲಿಯುದ್ದಕ್ಕೂ ಮಧುರ ಕಂಠದಲ್ಲಿ ಹೇಳುತ್ತಲೇ ಬಂತು. ಸಮಾಧಿಯ ಬಳಿ ಪಾದ್ರಿಗಳು ಸ್ವರ್ಗದ ಬಾಗಿಲಿನ ವಿಷಯ ಓದುವಾಗಲೂ ಹೇಳಿತು. ಕೊಲ್ಬಿಗೆ ಅದನ್ನು ನಿಲ್ಲಿಸುವ ಗುಂಡಿ ಸಿಗಲಿಲ್ಲ.

ಗಾಡಿಯ ಹಿಂದಕ್ಕೆ ಬಂದಾಗಲೇ ನಾನು ನೋಡಿದ್ದು, ಪೆಟ್ಟಿಗೆಯ ಕಾಲಿನ ಕಡೆಯ ಹಿಡಿಕೆಗೆ ಒಂದು ಕೆಂಪು ಬಟ್ಟೆ ಕಟ್ಟಿತ್ತು. ತೊಟ್ಟಿಯಿಂದ ಏನು ಹೊರಚಾಚಿದರೂ ತುದಿಗೆ ಕೆಂಪು ಬಟ್ಟೆ ಕಟ್ಟುವುದು ನಮ್ಮ ರಸ್ತೆಗಳ ರೂಢಿ. ಐವತ್ತು ವರ್ಷ ಪೈಪು, ಹಲಗೆ, ಬೇಲಿಗಂಬ ಸಾಗಿಸಿದ ಡ್ವೇನ್‌ನ ಕೈ ಅವನನ್ನು ಕೇಳದೆಯೇ ಜೇಬಿನಿಂದ ಬಟ್ಟೆ ತೆಗೆದು ಗಂಟು ಹಾಕಿಬಿಟ್ಟಿತ್ತು. ಅವನಿಗೂ ಆಗಲೇ ಅರಿವಾಗಿ ಮುಖ ಬಿಳಿಚಿಕೊಂಡಿತು. “ಅಯ್ಯೋ ಲಡೋನಾ, ದೇವ್ರಾಣೆ ಗೊತ್ತಾಗ್ಲಿಲ್ಲ ಕಣೇ. ಏನೋ ಹೊರಗೆ ಚಾಚ್ಕೊಂಡಿತ್ತು, ಕಟ್ಟಿಬಿಟ್ಟೆ” ಎಂದ. ನನಗೆ ನಗು ಬಂತು, ನಗುವುದಕ್ಕೆ ಶುರುಮಾಡಿದವಳು ಅಳುವುದಕ್ಕೆ ತಿರುಗಿದೆ, ಎಪ್ಪತ್ತಮೂರರ ಆಸುಪಾಸಿನ ಆರು ಮುದುಕರು ನನ್ನ ಸುತ್ತ ನಿಂತು ತಾವೂ ಅದನ್ನೇ ಮಾಡಿದರು. ನಾನು ಅಣ್ಣನಿಗೆ ಮಾತು ಕೊಟ್ಟಿದ್ದೆ ಮಾನ್ಯರೇ, ಉಳಿಸಿಕೊಳ್ಳಲಾಗಲಿಲ್ಲ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮ ಕಡೆಯ ರೂಢಿಯಂತೆ ಖಾರದ ರಾಜ್ಮಾ ಸಾರಿಗೆ ದಾಲ್ಚಿನ್ನಿ ಬನ್ ಅದ್ದಿಕೊಂಡು ತಿನ್ನುವಾಗ, ಮತ್ತೆ ನಗು ಬಂದೀತೆಂದು ಯಾರೂ ಡ್ವೇನ್‌ನ ಮುಖ ನೋಡಲಿಲ್ಲ.

ಈಗ ಫಿಂಚ್‌ಗೆ ಬೆಸುಗೆ ಹಾಕಿಸಿದ್ದೇನೆ. ಬೆಸುಗೆಯವನು, “ಇನ್ನೊಂದು ಚಳಿಗಾಲ ಎಳಿಯುತ್ತೆ, ಅಷ್ಟೇ. ಆಮೇಲೆ ನನ್ನನ್ನ ಬೈಬೇಡಿ” ಎಂದಿದ್ದಾನೆ. ಅಷ್ಟರಲ್ಲೇ ತಮ್ಮ ಪ್ರಕಟಣೆ ಬಂತು: ಸಾಕಷ್ಟು ಜನ ಆಸಕ್ತಿ ತೋರಿದರೆ ಸಾಮಾನ್ಯರ ಕೈಗೆಟುಕುವ ಬೆಲೆಗೆ ಫಿಂಚ್ ಮತ್ತೆ ಬರಬಹುದಂತೆ. ಆಸಕ್ತಿ ತೋರುವ ಅರ್ಜಿಯನ್ನು ಆ ದಿನವೇ ತುಂಬಿದೆ. ‘ನಿಮ್ಮ ಜೀವನಶೈಲಿ’ ಎಂಬಲ್ಲಿ ಸಾಹಸಿ, ಶಿಬಿರಪ್ರಿಯ, ಅಲೆಗಳ ಮೇಲೆ ಜಾರುವವ, ನಗರ ಸಂಚಾರಿ ಎಂದು ನಾಲ್ಕು ಚೌಕಗಳಿದ್ದವು. ಕೆಲಸ ಮಾಡುವವರಿಗೆ ಚೌಕವಿರಲಿಲ್ಲ. ‘ಇತರೆ’ಗೆ ಗುರುತು ಹಾಕಿ ‘ಕುದುರೆ’ ಎಂದು ಬರೆದೆ. ತಮ್ಮ ಕಚೇರಿಯಿಂದ ಮರುದಿನವೇ ಉತ್ತರ ಬಂತು, “ಪ್ರಿಯ ಕುದುರೆಯವರೇ, ನಿಮ್ಮ ಸಾಹಸಮಯ ಬದುಕಿಗೆ ಅಭಿನಂದನೆಗಳು” ಎಂದು. ಜೊತೆಗೆ ಹೊಸ ಫಿಂಚ್‌ನ ಚಿತ್ರ. ಹಳೆಯದಕ್ಕಿಂತ ಎಷ್ಟೋ ಅಂಗುಲ ಎತ್ತರ, ಎಷ್ಟೋ ಅಂಗುಲ ಗಿಡ್ಡ ತೊಟ್ಟಿ. ಹುಟ್ಟುವ ಮೊದಲೇ ಈ ಕೂಸು ಮೀಸೆ ತಿರುವುತ್ತಿದೆ.

ಆದ್ದರಿಂದ ನನ್ನ ವಿನಮ್ರ ಬೇಡಿಕೆಗಳು ಇಷ್ಟು. ಹಿಂಬಾಗಿಲನ್ನು ಇಳಿಸುವುದು ತಮಗೆ ತೊಂದರೆಯಾದರೆ ದಯವಿಟ್ಟು ನೆಬ್ರಾಸ್ಕಾದ ನೆಲವನ್ನು ಹದಿನಾಲ್ಕು ಅಂಗುಲ ಎತ್ತರಿಸಿಕೊಡಿ. ಇಡೀ ರಾಜ್ಯ ಕಷ್ಟವೆಂದರೆ ನಾನು ಹೋಗುವ ನಲವತ್ತೊಂದು ಕುದುರೆಲಾಯಗಳ ಅಂಗಳಗಳಾದರೂ ಸಾಕು. ಅದೂ ಆಗದಿದ್ದರೆ ನನ್ನ ತೋಳುಗಳನ್ನು ಮೇಲಕ್ಕೆ ಜರುಗಿಸುವ ವೈದ್ಯರ ವಿಳಾಸ ಕೊಡಿ, ಏಕೆಂದರೆ ಕೊಲೋಸಸ್ಸಿನ ಮೇಲೆ ಅಡಿಗಲ್ಲಿಟ್ಟರೆ ನಾನು ಗೋಡೆ ಗಡಿಯಾರಕ್ಕೆ ಮೊಳೆ ಹೊಡೆಯುವ ಭಂಗಿಯಲ್ಲಿ ಲಾಳ ಬಡಿಯಬೇಕಾಗುತ್ತದೆ. ಇದ್ಯಾವುದೂ ಸಾಧ್ಯವಿಲ್ಲವೆಂದು ತಮ್ಮ ಇಂಜಿನಿಯರುಗಳು ತೀರ್ಮಾನಿಸಿದ ಪಕ್ಷದಲ್ಲಿ, ಕೊನೆಯ ಉಪಾಯವಾಗಿ, ಹಿಂಬಾಗಿಲನ್ನು ಇಳಿಸಿ.

ಕೆಲಸ ಬಿಡು ಎಂದು ಕೊಲ್ಬಿ ಹೇಳುತ್ತಾನೆ. ನನ್ನ ಕೈ ಸೋತಿಲ್ಲ, ಕಣ್ಣು ಸೋತಿಲ್ಲ, ಕಳೆದ ವಾರ ಒದೆಯುವ ಹೆಣ್ಣು ಕುದುರೆಯೊಂದಕ್ಕೆ ಒಬ್ಬಳೇ ನಾಲ್ಕೂ ಲಾಳ ಕಟ್ಟಿ ಬಂದಿದ್ದೇನೆ. ಪ್ರತಿ ಲಾಯದಲ್ಲೂ ನಿಂತು, ಯಾರಾದರೂ ಬಂದು ನನ್ನ ಅಡಿಗಲ್ಲನ್ನು ಇಳಿಸಿಕೊಡುತ್ತೀರಾ ಎಂದು ಕೇಳುವ ದಿನ ಬಂದರೆ ಮಾತ್ರ ನಾನು ಕೆಲಸ ಬಿಡುತ್ತೇನೆ. ಬರುವ ವಸಂತದೊಳಗೆ ನನಗೆ ತಗ್ಗಿನ ಗಾಡಿಯೊಂದು ಸಿಗದಿದ್ದರೆ ಆ ದಿನ ಬಂದೇಬಿಡುತ್ತದೆ. ನನಗೆ ಅದರ ಭಯವಿದೆ.

ನೆಲದಿಂದ ಇಪ್ಪತ್ತೈದು ಅಂಗುಲ ಎತ್ತರದಲ್ಲಿ, ಎಂದೆಂದೂ
ತಮ್ಮ ವಿಶ್ವಾಸಿ,
ಲಡೋನಾ ವೊಂದ್ರಾ
(ತಮ್ಮ ಕಡತಗಳಲ್ಲಿ: ಕುದುರೆ)

ಮರೆತ ಮಾತು: ಡ್ವೇನ್ ಹ್ರುಸ್ಕಾನ ಕೆಂಪು ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಹೊಸ ಫಿಂಚ್‌ನ ನಕ್ಷೆ ತಮ್ಮ ಮೇಜಿಗೆ ಬಂದಾಗ, ಅಗತ್ಯಕ್ಕಿಂತ ಹೊರಚಾಚಿದ್ದು ಎಲ್ಲಿ ಕಂಡರೂ ಅಲ್ಲಿಗೆ ಇದನ್ನು ಕಟ್ಟಿ. ಬಟ್ಟೆ ಸಾಲದೆ ಹೋದರೆ ಬರೆಯಿರಿ. ನಮ್ಮೂರಿನ ಪ್ರತಿ ಮುದುಕನ ಜೇಬಿನಲ್ಲೂ ಒಂದೊಂದಿದೆ.