ಗಂಡನ ಹಳೆಯ ಶರ್ಟು, ನಮ್ಮ ಹೊಸ ವರ್ಷ

ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಬೆಟ್ಟದಲ್ಲಿ ಹೊಲದ ಕೆಲಸಕ್ಕೆ ಹೋಗುವ ಹೆಂಗಸಿಗೆ ಇದುವರೆಗೆ ಯಾರೂ ಒಂದು ಹೊಸ ಶರ್ಟು ಹೊಲಿಸಿಕೊಟ್ಟಿಲ್ಲ. ಇದು ತಪ್ಪು. ತಪ್ಪು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಗುವಿನಲ್ಲಿ ಮರೆತುಹೋಗಬಾರದು.

ಸೀರೆಯ ಮೇಲೆ ಗಂಡನ ಹಳೆಯ ಶರ್ಟು ತೊಟ್ಟು ಕೂಲಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಬಿಸಿಲಿಗೆ, ಮುಳ್ಳಿಗೆ, ಔಷಧಿ ಹೊಡೆದ ಎಲೆಯ ತುರಿಕೆಗೆ ಅದೊಂದೇ ಅಡ್ಡ. ಅವನು ತೊಟ್ಟು, ಕಾಲರ್ ಸವೆದು, ಗುಂಡಿ ಉದುರಿ, ಇನ್ನು ನಾಲ್ಕು ಜನರ ಮುಂದೆ ಹಾಕಲಾಗದು ಎಂದಾದ ಮೇಲೆ ಅದು ನಮಗೆ ಬರುತ್ತದೆ. ನಮ್ಮ ಮೈಮೇಲೂ ಹರಿದ ಮೇಲೆ ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತದೆ. ಗಂಡನಿಂದ ಮಸಿಬಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಸ್ಟಾಪು, ಅದು ನಾವು.

ಇಂಥ ಬಟ್ಟೆ ತೊಟ್ಟವರ ಬದುಕಿನಲ್ಲಿ ನಗೆಪಾಟಲು ಆಗದ ವಾರವೇ ಇಲ್ಲ. ಈ ಸಲ ಜನವರಿಯ ಮೊದಲ ದಿನದಿಂದ ಕಬ್ಬಿನ ಕೆಲಸ ಶುರುವಾಗುವ ತನಕ ಆದದ್ದನ್ನಷ್ಟೇ ಹೇಳುತ್ತೇನೆ.

೧. ಬೀರು ತೆರೆದಿಟ್ಟ ಹೆಂಗಸು

ಜನವರಿ ಒಂದನೇ ತಾರೀಕು ನಾವು ಆರು ಹೆಂಗಸರು ಜೀರಹಳ್ಳಿ ಕಡೆಯ ಒಂದು ಕೋಸಿನ ಹೊಲದಲ್ಲಿ ಕಳೆ ಕೀಳುತ್ತಿದ್ದೆವು. ಊಟದ ಹೊತ್ತಿಗೆ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೋದ ವರ್ಷ ಮದುವೆಯಾಗಿ ಬಂದವಳು, ಮೊಬೈಲಿನಲ್ಲಿ ಒಂದು ವೀಡಿಯೊ ಹಾಕಿದಳು. ಅದರಲ್ಲಿ ಒಬ್ಬ ಹೆಂಗಸು ಗೋಡೆಯಗಲದ ಬಟ್ಟೆ ಬೀರು ತೆರೆದಿಟ್ಟುಕೊಂಡು ಬುದ್ಧಿ ಹೇಳುತ್ತಿದ್ದಳು. ಹೊಸ ವರ್ಷಕ್ಕೆ ನಿಮ್ಮ ಸ್ಟೈಲ್ ಯಾವುದು ಅಂತ ತೀರ್ಮಾನ ಮಾಡಿ, ನಿಮ್ಮದಲ್ಲ ಅನ್ನಿಸಿದ ಬಟ್ಟೆಯನ್ನೆಲ್ಲ ತೆಗೆದುಹಾಕಿ, ಈ ವರ್ಷ ಕೊಳ್ಳಬೇಕಾದ್ದನ್ನು ಪಟ್ಟಿ ಮಾಡಿ ಅಂತ.

"ನಮ್ದಲ್ಲದ್ದ ತೆಗ್ದಾಕ್ಬುಟ್ರೆ ಈ ಬಿಸ್ಲಲ್ಲಿ ನಾವು ಬೆಂದೋಯ್ತೀವಿ ಕಣಮ್ಮಿ," ಎಂದಳು ನಮ್ಮಲ್ಲೊಬ್ಬಳು, ಡ್ರೈವರ್ ಹೆಂಡತಿ.

ಅವಳು ತೊಟ್ಟಿದ್ದದ್ದು ಗಂಡನ ಖಾಕಿ. ಹಿಂದಿನ ತಿಂಗಳು ರಸ್ತೆ ಬದಿಯ ಹೊಲದಲ್ಲಿ ಎದ್ದು ನಿಂತು ಬೆವರು ಒರೆಸಿಕೊಳ್ಳಲು ಕೈ ಎತ್ತಿದಾಗ, ಹೋಗುತ್ತಿದ್ದ ಕಾರೊಂದು ಗಕ್ಕನೆ ನಿಂತಿತ್ತು. ಒಳಗಿದ್ದವನು ಇಳಿದು, ಯಾರೂ ಕೇಳದೆ, ತಾನೇ ಡಿಕ್ಕಿ ತೆರೆದು ತೋರಿಸಿದ್ದ.

ಅದನ್ನು ನೆನೆದು ಐವರು ನಕ್ಕೆವು. ಒಬ್ಬಳು ನಗಲಿಲ್ಲ. ಅವಳ ಗಂಡ ತೀರಿಕೊಂಡು ಎರಡು ವರ್ಷ. ಅವನ ಕೊನೆಯ ಶರ್ಟು ಬೆನ್ನಿನ ಮೇಲೆ ಜಾಲರಿಯಾಗಿತ್ತು, ತೋಳು ಮೊಣಕೈಗೇ ಮುಗಿದಿತ್ತು. ನಮ್ಮನ್ನು ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಆ ಬೆಳಿಗ್ಗೆ ಹೇಳಿ ಹೋಗಿದ್ದ: ಪೊಂಗಲ್ ಕಳೆದ ಮೇಲೆ ಕಬ್ಬಿನ ಒಣ ಸೋಗೆ ಬಿಡಿಸುವ ಕೆಲಸ, ತುಂಬುತೋಳಿನ ಶರ್ಟಿಲ್ಲದವರು ಗಾಡಿ ಹತ್ತಬೇಡಿ. ಹೋದ ವರ್ಷ ಸೋಗೆ ಕೊಯ್ದು ಇವಳ ಎರಡು ಕೈಯೂ ಬಾತುಕೊಂಡು, ತೋಟದವರು ಮೇಸ್ತ್ರಿಗೆ ಬೈದಿದ್ದರು. ಆ ಕೆಲಸ ತಪ್ಪಿದರೆ ಅವಳಿಗೂ ಮಗಳಿಗೂ ಮುಂದಿನ ಎರಡು ತಿಂಗಳು ಬೇರೆ ದಾರಿಯಿಲ್ಲ.

"ಒಂದ್ ಒಸ ಶರ್ಟ್ ತಗಳಮ್ಮಿ," ಎಂದೆ.

"ತಗಬೋದು ಅಕ್ಕ. ಗಂಡ ಇಲ್ದೋಳ ಮೈಮೇಲೆ ಒಸ ಶರ್ಟ್ ಕಂಡ್ರೆ ಯಾರ್ದು ಅಂತ ಕೇಳ್ತರೆ. ಏನೇಳ್ಲಿ?"

ಅವಳ ಪಕ್ಕದಲ್ಲೇ ಕೂತಿದ್ದ ವಾರಗಿತ್ತಿ, ಅಂದರೆ ಅವಳ ಮೈದುನನ ಹೆಂಡತಿ, ತಲೆ ತಗ್ಗಿಸಿ ಮುದ್ದೆ ಮುರಿದಳು.

"ಆರು ಜನಾನೂ ಒಸದು ಒಲ್ಸುವ. ಎಲ್ರುದೂ ಒಂದೇ ಬಟ್ಟೆ. ಆಗ ಯಾರ್ನ ಕೇಳ್ತರೆ?" ಎಂದೆ.

ಡ್ರೈವರ್ ಹೆಂಡತಿ ಕೈ ತೊಳೆಯುತ್ತಾ ಹೇಳಿದಳು, "ಆರ್ ಜನಕ್ಕೂ ಒಬ್ನೇ ಕೊಡ್ಸವ್ನೆ ಅಂತರೆ ಬುಡು."

೨. ಅಣ್ಣನಿಗಾ?

ಮಾರನೆಯ ದಿನ ನಾನೂ ಡ್ರೈವರ್ ಹೆಂಡತಿಯೂ ತಾಳವಾಡಿಯ ಒಂದು ರೆಡಿಮೇಡ್ ಅಂಗಡಿಗೆ ಹೋದೆವು.

"ಶರ್ಟ್ ತೋರ್ಸಪ್ಪ."

"ಅಣ್ಣನುಕ್ಕಾ?" ಎಂದ ಅಂಗಡಿಯವನು ತಮಿಳಿನಲ್ಲಿ. ಅಣ್ಣನಿಗಾ ಅಂತ.

"ನಂಗೆ."

"ಸರಿ ಅಕ್ಕ. ಅಣ್ಣನ ಸೈಜ್ ಎಷ್ಟು?"

"ಅಣ್ಣ ಮನೇಲವ್ನೆ. ಶರ್ಟ್ ನಂಗೆ."

ಅವನು ನನ್ನನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಹೂವಿನ ಚಿತ್ರದ ನೈಟಿ ತಂದು ಹರಡಿದ. ಇದಲ್ಲ ಎಂದೆ. ಮಗನಿಗಾ ಎಂದ. ಅಲ್ಲ ಎಂದೆ. ಯಾರಿಗಾದರೂ ಉಡುಗೊರೆಯಾ ಎಂದ. ಅಷ್ಟರಲ್ಲಿ ಅಂಗಡಿಯಲ್ಲಿದ್ದ ಗಂಡಸರೆಲ್ಲ ತಮ್ಮ ವ್ಯಾಪಾರ ಬಿಟ್ಟು ನಮ್ಮ ವ್ಯಾಪಾರ ನೋಡುತ್ತಿದ್ದರು. ಅವನು ಬೆವರಿದ. ಗಂಡಸರ ಶರ್ಟೊಂದನ್ನು ಸೀರೆಯ ಮೇಲೇ ಹಾಕಿ ನೋಡಿದೆ. ಭುಜ ಮೊಣಕೈ ಹತ್ತಿರ ಇತ್ತು, ತೋಳು ಬೆರಳು ದಾಟಿ ತೂಗುತ್ತಿತ್ತು. ಆ ತೋಳು ತೊಟ್ಟು ಕುಡುಗೋಲು ಹಿಡಿದರೆ ಮೊದಲು ಕೊಯ್ಯುವುದು ತೋಳನ್ನೇ.

ಕೊನೆಗೆ ಅವನು ಏನೋ ನೆನಪಾದವನಂತೆ ಮೇಲಿನ ಹಲಗೆಯಿಂದ ಒಂದು ಪೊಟ್ಟಣ ಇಳಿಸಿದ. "ಲೇಡೀಸ್ ಶರ್ಟ್ ಅಂದ್ರೆ ಇದೇ ಅಕ್ಕ. ಕಾಲೇಜ್ ಮಕ್ಳು ತಗೊಳ್ತಾರೆ."

ಬಿಡಿಸಿದರೆ ಅದು ಹೊಕ್ಕುಳಿನ ಮೇಲೇ ಮುಗಿದಿತ್ತು. ಡ್ರೈವರ್ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಳಿದಳು, "ಇದು ಕಬ್ಬು ಕಡಿಯೋರ್ಗಲ್ಲ ಕಣಕ್ಕ. ಕಬ್ಬಿನಾಲು ಕುಡಿಯೋರ್ಗೆ."

೩. ಟೈಲರನ ಎರಡು ನೋಟ್‌ಬುಕ್ಕು

ಬಟ್ಟೆಯನ್ನೇ ತಂದೆವು. ಆರು ಜನಕ್ಕೂ ಒಂದೇ ಥಾನಿನ ಬೂದು ಚೌಕಳಿ, ಮಣ್ಣು ಹತ್ತಿದರೂ ಕಾಣದ್ದು. ಊರಿನ ಟೈಲರ್ ಹತ್ತಿರ ಆರೂ ಜನ ಒಟ್ಟಿಗೆ ಹೋದೆವು. ಪೊಂಗಲಿಗೆ ಹತ್ತೇ ದಿನವಿತ್ತು.

"ಅಳತೆ ಶರ್ಟ್ ಕೊಡಿ," ಎಂದ. ನಮ್ಮ ರವಿಕೆಗೂ ಅವನು ಹಾಗೆಯೇ, ಹಳೆಯ ರವಿಕೆ ನೋಡಿ ಹೊಲಿಯುವವನು. ನಮ್ಮ ಹತ್ತಿರ ಇದ್ದ ಅಳತೆ ಶರ್ಟೆಲ್ಲ ಗಂಡಂದಿರದು.

"ಟೇಪ್ ಇಡ್ದು ತಗ," ಎಂದೆ.

ಅವನು ಟೇಪನ್ನು ಡ್ರೈವರ್ ಹೆಂಡತಿಯ ಕೈಗೆ ಕೊಟ್ಟು, ಗೋಡೆಯ ಕ್ಯಾಲೆಂಡರ್ ಕಡೆ ಮುಖ ಮಾಡಿ ಕೂತ. ಅವಳು ಅಳೆದು ಕೂಗುವುದು, ಇವನು ಬರೆಯುವುದು. ಭುಜ ಆಯಿತು, ತೋಳು ಆಯಿತು, ಮಣಿಕಟ್ಟು ಆಯಿತು. ಜೇಬು ಎಷ್ಟು ಎಂದ. ಎರಡು, ಮುಚ್ಚಳ ಇರಬೇಕು, ಗುಂಡಿ ಇರಬೇಕು ಎಂದೆವು. "ಜೇಬಲ್ಲಿ ಏನಾಕ್ತೀರಿ?" ಎಂದ. "ನೀನೇನಾಕ್ತೀಯೆ?" ಎಂದಳು ಚಿಕ್ಕವಳು. ಅವನು ಸುಮ್ಮನೆ ಬರೆದುಕೊಂಡ.

ತೊಡಕು ಬಂದದ್ದು ಹೆಸರಿಗೆ. ಅವನ ಹತ್ತಿರ ಎರಡು ನೋಟ್‌ಬುಕ್ಕು, ಒಂದು ರವಿಕೆಗೆ, ಒಂದು ಶರ್ಟಿಗೆ. ಶರ್ಟಿನ ಪುಸ್ತಕದಲ್ಲಿ ಹೆಂಗಸಿನ ಹೆಸರೇ ಇಲ್ಲ. ಹಾಗಾಗಿ ಐದು ಅಳತೆಯನ್ನು ಐದು ಗಂಡಂದಿರ ಹೆಸರಿನಲ್ಲಿ ಬರೆದು, ಮುಂದೆ 'ಚಿಕ್ಕದು' ಎಂದು ಸೇರಿಸಿದ. ಆರನೆಯದಕ್ಕೆ ಪೆನ್ನು ನಿಂತಿತು.

"ಇದು ಯಾರೆಸ್ರಲ್ಲಿ?" ಎಂದ ಮೆಲ್ಲಗೆ.

ಬಾಗಿಲಲ್ಲಿ ಇಬ್ಬರು ಗಂಡಸರು ಪ್ಯಾಂಟು ತಿದ್ದಿಸಲು ಬಂದು ನಿಂತಿದ್ದರು. ಅವಳು ನೆಲ ನೋಡಿದಳು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬೇಡ ಅಂತ ಎದ್ದು ಹೋಗುತ್ತಿದ್ದಳು.

"ಅವ್ಳೆಸ್ರಲ್ಲೇ ಬರಿ," ಎಂದೆ.

"ಅವ್ರೆಸ್ರು ನಂಗೊತ್ತಿಲ್ಲ ಅಕ್ಕ."

ಇಪ್ಪತ್ತು ವರ್ಷದಿಂದ ಅವಳ ರವಿಕೆ ಹೊಲಿದವನು. ರವಿಕೆಯ ಪುಸ್ತಕ ತೆಗೆಸಿ ನೋಡಿದರೆ ಅಲ್ಲಿ ಅವಳು 'ಕೆಳಗಲ ಬೀದಿ'. ನಾನು 'ಜಗಳದಮ್ಮ'.

ಅವಳು ತಲೆ ಎತ್ತಿ ತನ್ನ ಹೆಸರು ಹೇಳಿದಳು. ಅವನು ಬರೆದ. ಅಷ್ಟೇ ಸಾಕಾಯಿತು, ಉಳಿದ ಐವರೂ ನಮ್ಮದೂ ಹಾಗೇ ಬರಿ ಎಂದು ಹಟ ಹಿಡಿದೆವು. ಪಾಪದವನು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಒಂದೇ ಪುಟದಲ್ಲಿ ಐದು ಗಂಡಂದಿರನ್ನು ಗೀಟು ಎಳೆದು ಹೊಡೆದುಹಾಕಿದ.

೪. ಸೊಕ್ಕು ಎಷ್ಟು ಒಗೆತಕ್ಕೆ ಹೋಗುತ್ತದೆ

ಪ್ಯಾಂಟು ತಿದ್ದಿಸಲು ಬಂದವರು ಸುಮ್ಮನಿರುತ್ತಾರೆಯೇ? ಸಂಜೆಯೊಳಗೆ ಊರೆಲ್ಲ ಸುದ್ದಿ.

ಮೊದಲು ನನ್ನ ಗಂಡ. "ನನ್ ಅಳೇ ಶರ್ಟ್ಗೆ ಏನಾಗಿತ್ತು?"

"ಏನೂ ಆಗ್ನಿಲ್ವಾ? ಮತ್ತೆ ನೀನ್ಯಾಕ್ ಬುಟ್ಟೆ?"

ಅವನು ಎದ್ದು ಹಸುವಿಗೆ ಹುಲ್ಲು ಹಾಕಲು ಹೋದ. ಹಾಕಿದ ಹುಲ್ಲು ಅಲ್ಲೇ ಇತ್ತು.

ಮಾರನೆಯ ಸಂಜೆ ಆ ಗಂಡನಿಲ್ಲದವಳ ಮೈದುನ ನಾಲ್ವರನ್ನು ಕಟ್ಟಿಕೊಂಡು ನಮ್ಮ ಜಗಲಿಗೆ ಬಂದ. ದನಿ ಎತ್ತಿಯೇ ಮಾತು ಶುರುಮಾಡಿದ. "ಒಸ ವರ್ಸ, ಸ್ಟೈಲು ಅಂತ ನಮ್ಮನೆ ಎಂಗುಸ್ರ ತಲೆ ಕೆಡುಸ್ಬ್ಯಾಡಕ್ಕ. ನಮ್ಮತ್ಗೆ ಒಸ ಶರ್ಟ್ ಆಕ್ಕೊಂಡು ಓಡಾಡುದ್ರೆ ಮನೆ ಮರ್ವಾದೆ ಏನಾಗ್ಬೇಕು?"

"ಇಷ್ಟ್ ದಿನ ಆಕ್ಕೊಂಡಿದ್ದೂ ಶರ್ಟೇ ಅಲ್ವ?"

"ಅದು ಅಳೇದು. ಅಳೇದು ಮರ್ವಾದೆ. ಒಸದು ಸೊಕ್ಕು."

"ಎಷ್ಟ್ ಸಲ ಒಗುದ್ರೆ ಸೊಕ್ಕೋಗಿ ಮರ್ವಾದೆ ಆಯ್ತದೆ? ಏಳು, ಇವತ್ತಿಂದ್ಲೇ ಒಗೀತೀವಿ."

ಅವನ ಮುಖ ಕೆಂಪಾಯಿತು. ಅವಳು ಕಬ್ಬಿಗೆ ಹೋಗುವುದೇ ಬೇಡ ಎಂದ. ಹಾಗಾದರೆ ಅವಳ ಮನೆ ಒಲೆ ನೀನು ಹಚ್ಚುತ್ತೀಯಾ ಎಂದೆ. ಸುತ್ತ ಜನ ಸೇರಿದರು. ನನಗೆ ನಿಜಕ್ಕೂ ಭಯವಾಯಿತು. ಅವನು ಆ ಮನೆಯ ಗಂಡಸು, ಇಲ್ಲ ಅಂದುಬಿಟ್ಟರೆ ಅವಳು ಮೀರಿ ಬರುವವಳಲ್ಲ. ಜನ ಸೇರಿದ್ದು ಕಂಡು ಅವನು ದೊಡ್ಡತನ ತೋರಿಸಲು ಹೊರಟ.

"ಶರ್ಟ್ ತಾನೆ? ನನ್ನ ಅಳೇದೊಂದ ನಾನೇ ಕೊಡ್ತೀನಿ, ಅತ್ಗೆ ಆಕ್ಕೊಳ್ಳಿ. ಮುಗೀತು."

ಜಗಲಿಯ ಅಂಚಿನಲ್ಲಿ ನಿಂತಿದ್ದ ಅವನ ಹೆಂಡತಿ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. "ಕೊಡು," ಎಂದಳು. "ನಿನ್ ಶರ್ಟ ಅವ್ಳ ಮೈಮೇಲೆ ನೋಡಿ ಊರೋರು ಏನಂತರೋ, ಅದ್ಕೆ ನೀನೇ ನಿಂತ್ಕೊಂಡು ಜವಾಬ್ ಏಳು. ಆಮೇಲ್ ಮನೆಗ್ ಬಾ, ನಂಗೂ ಏಳು."

ಅವನ ಜೊತೆ ಬಂದ ನಾಲ್ವರಲ್ಲಿ ಮೂವರಿಗೆ ಹಾಲು ಕರೆಯುವ ಹೊತ್ತಾದದ್ದು ಥಟ್ಟನೆ ನೆನಪಾಯಿತು. ನಾಲ್ಕನೆಯವನ ಮನೆಯಲ್ಲಿ ಹಸುವೇ ಇಲ್ಲ. ಅವನೂ ಹೋದ.

೫. ಹಾಸನೂರು ಬಸ್ಸಿಗೆ ಕಾಯುತ್ತಿದ್ದವನು

ಪೊಂಗಲ್ ಮುಗಿಯಿತು. ಶರ್ಟು ಕೈಗೆ ಬಂತು. ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮೇಸ್ತ್ರಿಯ ಪಿಕಪ್ ಗಾಡಿ ಬಂದು ನಿಂತಿತು. ಐದು ಜನ ಬೂದು ಚೌಕಳಿಯಲ್ಲಿ ಹತ್ತಿದೆವು. ಆರನೆಯವಳು ಅದೇ ಜಾಲರಿ ಶರ್ಟಿನಲ್ಲಿ, ಬುತ್ತಿ ಹಿಡಿದು, ಬಿಳಿಚಿಕೊಂಡು ಬಂದಳು.

"ರಾತ್ರೆ ಅಗ್ಗದ ಮೇಲಿತ್ತು ಅಕ್ಕ. ಈಗಿಲ್ಲ."

ಅವಳ ಮನೆಗೂ ಮೈದುನನ ಮನೆಗೂ ಒಂದೇ ಹಜಾರ, ಒಂದೇ ಹಗ್ಗ. ಅವಳ ವಾರಗಿತ್ತಿ ನನ್ನ ಮುಖ ನೋಡಿದಳು.

ಮೇಸ್ತ್ರಿ ಹರಿದ ತೋಳು ನೋಡಿದ. "ನಾನ್ ಮೊದ್ಲೇ ಏಳಿದ್ದೆ. ನೀ ನಿಂತ್ಕಳಮ್ಮ."

"ಅವ್ಳು ನಿಂತ್ರೆ ನಾವೂ ಇಳೀತೀವಿ," ಎಂದೆ. ಹೇಳುವುದು ಸುಲಭ. ಪಕ್ಕದ ಬೀದಿಯಲ್ಲಿ ಇನ್ನೊಂದು ಗುಂಪು ಕೆಲಸಕ್ಕೆ ಕಾದು ಕೂತಿರುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಐವರೂ ಎದ್ದು ನಿಂತೆವು. ಅವನು ಹಲ್ಲು ಕಚ್ಚಿದ. "ಬಸ್‌ಸ್ಟಾಪ್ ಗಂಟ ಕುಂತಿರ್ಲಿ. ಅಲ್ಲಿಗೆ ಯಾರತ್ರನಾರ ಈಸ್ಕೊಂಡು ಶರ್ಟ್ ಆಕ್ನಿಲ್ಲ ಅಂದ್ರೆ ಅವ್ಳೂ ಇಲ್ಲ, ನೀವೂ ಇಲ್ಲ."

ಬಸ್‌ಸ್ಟಾಪಿನ ಟೀ ಅಂಗಡಿಯ ಮುಂದೆ ಏಳೆಂಟು ಜನ ಗಂಡಸರು. ನಡುವೆ ಅವಳ ಮೈದುನ, ಹಾಸನೂರು ಬಸ್ಸಿಗೆ ಕಾಯುತ್ತಿದ್ದ, ನೆಂಟರ ನಿಶ್ಚಿತಾರ್ಥಕ್ಕೆ. ತಲೆಗೆ ಎಣ್ಣೆ, ಹಣೆಗೆ ವಿಭೂತಿ, ಮೈಮೇಲೆ ಬೂದು ಚೌಕಳಿ. ತೋಳು ಮಣಿಕಟ್ಟಿಗೆ ನಾಲ್ಕು ಬೆರಳು ಮೊದಲೇ ನಿಂತಿತ್ತು. ಹೊಟ್ಟೆಯ ಮೇಲಿನ ಗುಂಡಿಗಳು ಒಂದಕ್ಕೊಂದು ಮುನಿಸಿಕೊಂಡವರಂತೆ ದೂರ ದೂರ ಇದ್ದವು, ಮಧ್ಯೆ ಬನೀನು. ಎರಡು ಜೇಬಿನ ಮುಚ್ಚಳಕ್ಕೂ ಗುಂಡಿ ಹಾಕಿಕೊಂಡಿದ್ದ.

ಗಾಡಿ ನಿಂತಿತು. ಅವನ ಹೆಂಡತಿ ಮೇಲಿನಿಂದಲೇ ಕೇಳಿದಳು. "ಅದ್ಯಾರ್ ಶರ್ಟು?"

"ಯಾರ್ದೋ. ಮನೇದು."

"ಮನೇಲಿ ಯಾರ್ದು?"

ಟೀ ಕುಡಿಯುತ್ತಿದ್ದವರು ಲೋಟ ಇಳಿಸಿ, ಅವನ ಶರ್ಟನ್ನೂ ನಮ್ಮ ಐದು ಶರ್ಟನ್ನೂ ನೋಡಿದರು. ಒಂದೇ ಚೌಕಳಿ, ಒಂದೇ ಜೇಬು, ಒಂದೇ ಮುಚ್ಚಳ.

"ಅತ್ಗೇದು," ಎಂದ, ಯಾರಿಗೂ ಕೇಳಿಸಬಾರದು ಎನ್ನುವಂತೆ. ಎಲ್ಲರಿಗೂ ಕೇಳಿಸಿತು.

ಅತ್ತಿಗೆ ಗಾಡಿಯಿಂದ ಇಳಿದಳು. ಹದಿನೈದು ದಿನದಲ್ಲಿ ಯಾರ ಮುಂದೆಯೂ ದನಿ ಎತ್ತದವಳು ನೇರವಾಗಿ ಅವನ ಎದುರು ಹೋಗಿ ಕೈ ಚಾಚಿದಳು. "ಅದ ಬುಚ್ಚಪ್ಪ. ಕೆಲ್ಸಕ್ಕೆ ಒತ್ತಾಯ್ತು."

"ಅತ್ಗೆ, ನೆಂಟ್ರ ಮನೆ... ಒಂದಿನ..."

"ನಿಂಗ್ ಒಂದಿನ. ನಂಗೆ ಎರಡ್ ತಿಂಗ್ಳು. ಬುಚ್ಚು."

ಬಿಚ್ಚಿದ. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಬನೀನಿನಲ್ಲಿ ನಿಂತವನು ಹೆಂಡತಿಯ ಕಡೆ ನೋಡಿದ. ಅವಳು ಬುತ್ತಿಚೀಲಕ್ಕೆ ಕೈ ಹಾಕಿ, ಬುತ್ತಿಯ ಪಾತ್ರೆಗೆ ಸುತ್ತಿದ್ದ ಬಟ್ಟೆ ಬಿಡಿಸಿ ಎಸೆದಳು. ಹೋದ ವಾರದ ತನಕ ಅವಳು ಹೊಲಕ್ಕೆ ತೊಡುತ್ತಿದ್ದ ಶರ್ಟು. ಅರಿಶಿನದ ಕಲೆ, ಬೆನ್ನಿಗೆ ಎರಡು ತೇಪೆ.

"ತಗ. ನಾನಾಕ್ಕೊಂಡ್ ಬುಟ್ಟಿದ್ದು. ಒಳ್ಳೆ ಮರ್ವಾದೇದು."

ಅವನು ಅದನ್ನೇ ತೊಟ್ಟು ಬಸ್ ಹತ್ತಿದ. ಕಂಡಕ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಒಲದತ್ರ ಇಳೀಬೇಕಪ್ಪ?" ಎಂದನಂತೆ.

ಅತ್ತಿಗೆ ತನ್ನ ಶರ್ಟು ತೊಟ್ಟು, ಕತ್ತಿನ ತನಕ ಗುಂಡಿ ಹಾಕಿ, ಮಣಿಕಟ್ಟಿನ ಗುಂಡಿಯನ್ನೂ ಹಾಕಿ ಗಾಡಿ ಹತ್ತಿದಳು. ಮೇಸ್ತ್ರಿ ಗಾಡಿ ಬಿಟ್ಟ. ಸಂಜೆ ಕಬ್ಬಿನಿಂದ ಹೊರಬಂದಾಗ ಅವಳ ತೋಳು ಎತ್ತಿ ನೋಡಿದೆ. ಒಂದು ಗೀರೂ ಇರಲಿಲ್ಲ.

ಈಗ ಓದುತ್ತಿರುವ ನೀವು. ನಾಳೆ ಬೆಳಿಗ್ಗೆ ನಿಮ್ಮ ಮನೆಯಿಂದ ಕೂಲಿಗೆ ಹೊರಡುವ ಹೆಂಗಸಿನ ಬೆನ್ನು ನೋಡಿ. ನಿಮ್ಮ ಹೊಲಕ್ಕೆ ಕೂಲಿಗೆ ಬರುವವಳ ತೋಳು ನೋಡಿ. ನೋಡಿದ ಮೇಲೆ ನಾಚಿಕೆಪಡುತ್ತಾ ಕೂರಬೇಡಿ, ಅದರಿಂದ ಯಾರ ಕೈಯೂ ಗೀರುವುದು ನಿಲ್ಲುವುದಿಲ್ಲ. ಈ ವಾರದೊಳಗೆ ಅವಳನ್ನು ಟೈಲರ್ ಅಂಗಡಿಗೆ ಕರೆದುಕೊಂಡು ಹೋಗಿ. ಬಟ್ಟೆ ಅವಳು ಆರಿಸಲಿ, ಜೇಬು ಎಷ್ಟು ಅಂತ ಅವಳು ಹೇಳಲಿ. ನೀವು ಹೊರಗೆ ನಿಂತಿರಿ.