ಸುವೈಕ್ ತಪ್ಪಿಸಿಕೊಂಡ ಸೇಸಪ್ಪ

ವ್ಯಾನಿನ ಸ್ಟೀರಿಂಗ್ ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಅಂಟಿಸಿದ ದಿನವೇ ಸೇಸಪ್ಪನ ನೆಮ್ಮದಿ ಹೋಗಿತ್ತು. ಇಂಜಿನ್ ಚಾಲೂ ಇಟ್ಟು ನಿಂತರೆ ಅದರಲ್ಲಿ ಕೆಂಪು ಅಂಕಿ ಓಡತೊಡಗುತ್ತಿತ್ತು. ಎರಡು ನಿಮಿಷ ದಾಟಿದರೆ ಡಬ್ಬಿ ಆಫೀಸಿಗೆ ಚಾಡಿ ಹೇಳುತ್ತಿತ್ತು. ಹತ್ತು ಪಾಯಿಂಟ್ ಖೋತಾ. ಪ್ಯಾಕೆಟ್ ಕೊಡದೆ ವಾಪಸ್ ತಂದರೆ ಇಪ್ಪತ್ತು. ಅದೇ ಪ್ಯಾಕೆಟ್ಟಿಗೆ ನಾಳೆ ಮತ್ತೆ ಪೆಟ್ರೋಲ್ ಸುಡಬೇಕಲ್ಲ!

"ಇವತ್ತಿನ ಪಾಯಿಂಟ್ ನೋಡಿ ನಿಮ್ಮ ನಾಲ್ವರಲ್ಲಿ ಒಬ್ಬರನ್ನು ಸುವೈಕ್‌ಗೆ ಹಾಕ್ತೇನೆ," ಎಂದು ಶಿಫಾನಾ ಮೇಡಂ ಬೆಳಿಗ್ಗೆಯೇ ಹೇಳಿದ್ದಳು. ಉಪ್ಪಿನಂಗಡಿಯ ಹುಡುಗಿ; ಕೊರಿಯರ್ ಕಂಪನಿಗೆ ಹೊಸದಾಗಿ ಬಂದ ಮ್ಯಾನೇಜರ್. "ಹೊಗೆ ಕಡಿಮೆ ಆಗ್ಬೇಕು. ನನಗೆ ಬೇರೆ ಮಾತಿಲ್ಲ."

ಸುವೈಕ್ ಎಂದರೆ ಇದೇ ಗಲ್ಫ್ ದೇಶದ ಇನ್ನೊಂದು ಊರು, ಎರಡು ಗಂಟೆಯ ದಾರಿ. ಕಂಪನಿಯ ರೂಮಿನಲ್ಲಿ ಮೂವರ ಜೊತೆ ಬಿದ್ದುಕೊಂಡು, ಶುಕ್ರವಾರಕ್ಕೊಮ್ಮೆ ದಾರ್ಸೈಟಿನ ಮನೆಗೆ ಬರಬೇಕು. ಹೆಂಡತಿ ವಾರಿಜಾಕ್ಷಿಯನ್ನೂ ಮಗಳು ಅಕ್ಷಿತಾಳನ್ನೂ ಊರಿನಿಂದ ಕರೆಸಿಕೊಳ್ಳಲು ಸೇಸಪ್ಪನಿಗೆ ಆರು ವರ್ಷ ಹಿಡಿದಿತ್ತು. ಅವರು ಬಂದು ಎಂಟು ತಿಂಗಳಾಗಿತ್ತಷ್ಟೆ.

"ಹೆದರ್ಬೇಡ ಮಾರಾಯ, ಲಾಸ್ಟ್ ಬರ್ಲಿಕ್ಕೆ ನಾನಿದ್ದೇನಲ್ಲ," ಎಂದ ನೊರ್ಬರ್ಟ್. ಊಟವಾದ ಮೇಲೆ ಏಸಿ ಹಾಕಿಕೊಂಡು ವ್ಯಾನಿನಲ್ಲೇ ಗೊರಕೆ ಹೊಡೆಯುವ ಡ್ರೈವರ್ ಅವನು. ಆದರೆ ಈ ವಾರದಿಂದ ಅವನೂ ನಿದ್ದೆ ಬಿಟ್ಟಿದ್ದಾನೆಂದು ಸುದ್ದಿಯಿತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಇಪ್ಪತ್ತಾರು ಪ್ಯಾಕೆಟ್ಟುಗಳಲ್ಲಿ ಹನ್ನೆರಡು ಹೋಗಿದ್ದವು. ಹೊರಗೆ ನಲವತ್ತೈದು ಡಿಗ್ರಿ. ಇಂಜಿನ್ ನಿಲ್ಲಿಸಿದರೆ ಏಸಿ ಇಲ್ಲ. ಸೇಸಪ್ಪ ಹಬೆಗಿಟ್ಟ ಮೂಡೆ ಇಡ್ಲಿಯಂತೆ ಬೇಯುತ್ತಿದ್ದ. ಉಳಿದ ಹದಿನಾಲ್ಕು ಅವನು ವಾಸವಿದ್ದ ಗಲ್ಲಿಯ ಐದು ಕಟ್ಟಡಗಳವು. ತನ್ನ ಕಟ್ಟಡದ ಕೆಳಗಿನ ಉಮರಬ್ಬನ ದಿನಸಿ ಅಂಗಡಿಯ ಎದುರು, ಯಾರದೋ ಕಾರಿಗೆ ಅಡ್ಡವಾಗಿ ವ್ಯಾನು ನಿಲ್ಲಿಸಿದ.

"ಕಾಕ, ಕಾರಿನವರು ಬಂದ್ರೆ ಸ್ವಲ್ಪ ಸರಿಸಿ," ಎಂದು ಬೀಗದಕೈಯನ್ನು ಉಮರಬ್ಬನಿಗೆ ಕೊಟ್ಟು ಮೂರನೆಯ ಮಹಡಿಗೆ ಓಡಿದ.

ಡೊರೊತಿ ಟೀಚರ್ ಬಾಗಿಲಲ್ಲೇ ಪ್ಯಾಕೆಟ್ ಹರಿದು, ಒಳಗಿನ ಚೂಡಿದಾರವನ್ನು ಬೆಳಕಿಗೆ ಹಿಡಿದರು.

"ಇದೆಂತ ಬಣ್ಣ? ಹಾಗಲಕಾಯಿ ಹಾಗೆ ಉಂಟು. ವಾಪಸ್ ಕೊಂಡುಹೋಗು."

"ಟೀಚರ್, ವಾಪಸ್ ಕೊಂಡುಹೋದ್ರೆ ನನ್ನನ್ನು ಸುವೈಕ್‌ಗೆ ಹಾಕ್ತಾರೆ!"

"ಚೂಡಿದಾರಕ್ಕೂ ಸುವೈಕ್‌ಗೂ ಎಂತ ಸಂಬಂಧ?"

ವಿವರಿಸಲು ಬಾಯಿ ತೆರೆದವನು ಮೆಟ್ಟಿಲ ಬಳಿಯ ಕಿಟಕಿಯಿಂದ ಕೆಳಗೆ ನೋಡಿದ. ವ್ಯಾನು ನಡುಗುತ್ತಿತ್ತು. ಡ್ರೈವರ್ ಸೀಟಿನಲ್ಲಿ ಉಮರಬ್ಬನ ಬಿಳಿ ಟೊಪ್ಪಿ!

ಸೇಸಪ್ಪ ಮೆಟ್ಟಿಲುಗಳನ್ನು ಇಳಿಯಲಿಲ್ಲ, ಉರುಳಿದ. "ಆಫ್ ಮಾಡಿ ಕಾಕ! ಆಫ್!" ಎಂದು ಕೂಗುತ್ತಾ ಬಂದು, ಬಾಗಿಲು ಕಿತ್ತು, ಕೀ ತಿರುಗಿಸಿದ. ಡಬ್ಬಿಯಲ್ಲಿ ಒಂದು ನಿಮಿಷ ಐವತ್ತಾರು ಸೆಕೆಂಡು.

"ಎಂತ ಬೊಬ್ಬೆ ನಿನ್ನದು!" ಉಮರಬ್ಬನಿಗೆ ಸಿಟ್ಟು ಬಂತು. "ಒಂದು ಪ್ಯಾಕೆಟಲ್ಲಿ ಚಾಕಲೇಟ್ ಅಂತ ಬರೆದಿತ್ತು. ಕರಗ್ತದಲ್ಲ ಅಂತ ಏಸಿ ಹಾಕಿದೆ. ಈ ಕಾಲದಲ್ಲಿ ಉಪಕಾರ ಮಾಡ್ಬಾರ್ದು, ಖಲಾಸ್!"

ಸೇಸಪ್ಪ ಅಲ್ಲೇ ಕುಸಿದು ಕೂತ. ಮೇಲಿನಿಂದ ಡೊರೊತಿ ಟೀಚರ್ ಇಣುಕಿ, "ಅಳ್ಬೇಡ ಮಾರಾಯ, ಹಾಗಲಕಾಯಿಯನ್ನು ನಾನೇ ಇಟ್ಕೊಳ್ತೇನೆ," ಎಂದರು. ಉಮರಬ್ಬನ ಸಿಟ್ಟೂ ಇಳಿಯಿತು.

"ಚಾಕಲೇಟ್ ನನ್ನ ಫ್ರಿಜ್ಜಲ್ಲಿಡು. ಉಳಿದದ್ದನ್ನೂ ಒಳಗೆ ತಾ. ಮೊಸರಿಗೆ, ಕುಬೂಸ್ ರೊಟ್ಟಿಗೆ ಇಡೀ ಗಲ್ಲಿ ಇಲ್ಲಿಗೇ ಬರ್ತದೆ. ಅವರೇ ಕೊಂಡುಹೋಗ್ಲಿ. ನೀನು ಯಾಕೆ ಮನೆ ಮನೆ ತಿರುಗೋದು?"

ಹೀಗೆ ವ್ಯಾನು ನಿಂತಲ್ಲೇ ನಿಂತಿತು, ಗಲ್ಲಿ ನಡೆದು ಬಂತು. ಸೇಸಪ್ಪ ಎಲ್ಲರಿಗೂ ಫೋನ್ ಮಾಡಿದ. ಒಬ್ಬೊಬ್ಬರಾಗಿ ಬಂದು ಒಟಿಪಿ ಹೇಳಿ ಒಯ್ದರು. ನಾಲ್ಕೂ ಮುಕ್ಕಾಲಿಗೆ ಉಳಿದದ್ದು ಒಂದೇ ಪ್ಯಾಕೆಟ್: ಎದುರು ಕಟ್ಟಡದ ಪ್ರಣೀತಾಳದ್ದು. ಐದಕ್ಕೆ ಗಡುವು. ಹನ್ನೊಂದು ಸಲ ಕರೆ ಮಾಡಿದರೂ ಅವಳು ಎತ್ತಲಿಲ್ಲ. ಬೆಲ್ ಒತ್ತೋಣವೆಂದರೆ ಫ್ಲ್ಯಾಟ್ ನಂಬರ್ ಬರೆಯುವ ಜಾಗದಲ್ಲಿ ಅವಳು 'ಉಮರಬ್ಬನ ಅಂಗಡಿ ಎದುರು' ಎಂದಷ್ಟೇ ಬರೆದಿದ್ದಳು.

ಆಗ ಸೇಸಪ್ಪನಿಗೆ ನೆನಪಾಯಿತು. ಹೋದ ವಾರ ಗಲ್ಲಿಯ ವಾಟ್ಸಾಪ್ ಗುಂಪಿನಲ್ಲಿ, 'ಗೊತ್ತಿಲ್ಲದ ನಂಬರ್ ಎತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ' ಎಂದು ಮೂರು ಸಲ ಬರೆದವನು ಅವನೇ. ಅವನ ಸ್ವಂತ ಫೋನು ಬಿಸಿಲಿಗೆ ಬೆಂದು ಸತ್ತಿತ್ತು; ಈಗ ಕರೆ ಮಾಡುತ್ತಿದ್ದ, ಕಂಪನಿ ಕೊಟ್ಟ ಹೊಸ ಫೋನಿನ ನಂಬರ್ ಯಾರಿಗೂ ಗೊತ್ತಿರಲಿಲ್ಲ. ಉಳಿದವರೆಲ್ಲ ಅವನ ಮಾತಿಗೆ ಬೆಲೆ ಕೊಟ್ಟಿರಲಿಲ್ಲ, ಪ್ರಣೀತಾ ಕೊಟ್ಟಿದ್ದಳು.

ಗಲಾಟೆ ಕೇಳಿ ವಾರಿಜಾಕ್ಷಿ ಬಾಲ್ಕನಿಗೆ ಬಂದಳು. ವಿಷಯ ತಿಳಿದದ್ದೇ ಎದುರು ಕಟ್ಟಡಕ್ಕೆ ಕೂಗು ಹಾಕಿದಳು.

"ಪ್ರಣೀತಾ! ಫೋನ್ ಎತ್ತು ಮಾರಾಯ್ತಿ!"

ಎದುರು ಬಾಲ್ಕನಿಯಲ್ಲಿ ಪ್ರಣೀತಾ ಕಾಣಿಸಿಕೊಂಡಳು. "ಯಾರೋ ಕಳ್ಳ ಅಕ್ಕ, ಬಿಡ್ತಾನೇ ಇಲ್ಲ! ಎತ್ಬಾರ್ದು ಅಂತ ನಿಮ್ಮ ಯಜಮಾನ್ರೇ ಹೇಳಿದ್ದಲ್ವಾ?"

"ಆ ಕಳ್ಳ ಅವರೇ! ಒಟಿಪಿ ಹೇಳು!"

ಪ್ರಣೀತಾ ಅಲ್ಲಿಂದಲೇ ನಾಲ್ಕು ಅಂಕಿಗಳನ್ನು ಇಡೀ ಗಲ್ಲಿಗೆ ಕೇಳುವಂತೆ ಕೂಗಿ ಹೇಳಿದಳು. ಸೇಸಪ್ಪ ಅವನ್ನು ಫೋನಿನಲ್ಲಿ ಒತ್ತಿದ. ನಾಲ್ಕು ಗಂಟೆ ಐವತ್ತೆಂಟು ನಿಮಿಷ.

ಆಫೀಸಿನಲ್ಲಿ ಶಿಫಾನಾ ಮೇಡಂ ಪಟ್ಟಿ ಓದಿದಳು. ನೊರ್ಬರ್ಟ್ ನಲವತ್ತು, ಮಧ್ಯಾಹ್ನ ಅವನಿಗೆ ನಿದ್ದೆ ತಡೆಯಲಾಗಿರಲಿಲ್ಲ. ಸೇಸಪ್ಪ ನೂರಕ್ಕೆ ನೂರು. "ಮೂವತ್ತು ಕಿಲೋಮೀಟರಿನ ಕೆಲಸ ಹದಿನಾಲ್ಕರಲ್ಲಿ!" ಎಂದು ಅವಳು ಎದ್ದು ಚಪ್ಪಾಳೆ ತಟ್ಟಿದಳು. ಸೇಸಪ್ಪ ನೊರ್ಬರ್ಟನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡುತ್ತಿದ್ದ.

"ಸೇಸಪ್ಪ, ಭಾನುವಾರದಿಂದ ನೀವು ಸುವೈಕ್."

"ಮೇಡಂ, ನಾನು ಫಸ್ಟು!"

"ಅದಕ್ಕೇ ಅಲ್ವಾ? ಅಲ್ಲಿ ದಿನಕ್ಕೆ ಇನ್ನೂರು ಕಿಲೋಮೀಟರ್ ಓಡ್ಲಿಕ್ಕುಂಟು. ಹೊಗೆ ಜಾಸ್ತಿ ಇರುವಲ್ಲಿಗೆ ಕಡಿಮೆ ಮಾಡ್ಲಿಕ್ಕೆ ಗೊತ್ತಿರುವವರನ್ನೇ ಕಳಿಸ್ಬೇಕು."

"ಮತ್ತೆ... ದಾರ್ಸೈಟ್?"

"ನೊರ್ಬರ್ಟ್. ಎಲ್ಲ ಅಂಗಡಿಯಲ್ಲೇ ಸಿಗುವ ಹಾಗೆ ನೀವು ಮಾಡಿಟ್ಟಿದ್ದೀರಲ್ಲ. ಓಡಿಸುವ ಕೆಲಸವೇ ಇಲ್ಲದಲ್ಲಿ ಅವನಾದ್ರೂ ಎಷ್ಟು ಹೊಗೆ ಬಿಟ್ಟಾನು?"

ನೊರ್ಬರ್ಟ್ ಈಗ ಸೇಸಪ್ಪನ ಹೆಗಲ ಮೇಲೆ ಕೈಯಿಟ್ಟ.

ಹೊರಗೆ ಬಂದು ಸೇಸಪ್ಪ ತನ್ನ ಫೋನ್ ತೆಗೆದ. ಬಿಸಿಲಲ್ಲಿ ಬೆಂದ ಅದಕ್ಕೆ ಇನ್ನೂ ಜೀವ ಬಂದಿರಲಿಲ್ಲ. ಕಂಪನಿ ಫೋನಿನಿಂದಲೇ ಮನೆಗೆ ಕರೆ ಮಾಡಿದ. ಏಳು ಸಲ ಮಾಡಿದ. ವಾರಿಜಾಕ್ಷಿ ಎತ್ತಲಿಲ್ಲ. ಆ ನಂಬರ್ ಅವಳಿಗೂ ಗೊತ್ತಿರಲಿಲ್ಲ.